ಸರೋವರದ ದಡದ ಮನೆ ಮತ್ತು ನಮ್ಮ ಹಿತ್ತಿಲ ಗುಂಡಿ

ಶೌಚಾಲಯದ ಗೋಡೆಗೆ ಅಂಟಿಸಿದ್ದ ಒಂದು ಹಾಳೆಯಿಂದ ಈ ಮಾತು ಶುರುವಾಯಿತು. ನನ್ನ ತಂಗಿ ಮದುವೆಯಾಗಿ ಕೆನಡಾದ ಒಂಟಾರಿಯೋ ಪ್ರಾಂತದಲ್ಲಿದ್ದಾಳೆ. ಒಂದು ಬೇಸಿಗೆ ರಜೆಯಲ್ಲಿ ಅವಳ ಕುಟುಂಬವೂ ಪರಿಚಯದ ಇನ್ನೂ ಮೂರು ಕುಟುಂಬಗಳೂ ಸೇರಿ ಟೊರಾಂಟೋ ನಗರದಿಂದ ಸುಮಾರು 200 ಕಿ.ಮೀ. ಉತ್ತರದ ಮಸ್ಕೋಕಾ ಪ್ರದೇಶದಲ್ಲಿ ಸರೋವರದ ದಡದ ಮನೆಯೊಂದನ್ನು ನಾಲ್ಕು ದಿನಕ್ಕೆ ಬಾಡಿಗೆಗೆ ಪಡೆದರು. ಅಲ್ಲಿನವರು ಇಂತಹ ಮನೆಯನ್ನು ಕಾಟೇಜ್ ಎನ್ನುತ್ತಾರೆ. ಹೋದ ಕೂಡಲೇ ಕಂಡದ್ದು ಆ ಹಾಳೆ. ರಾತ್ರಿ ಎಂಟು ಜನರಿಗಿಂತ ಹೆಚ್ಚು ತಂಗಬಾರದು. ಅಡುಗೆಯ ಎಣ್ಣೆಯನ್ನು ಸಿಂಕಿಗೆ ಸುರಿಯಬಾರದು. ಕಾಗದವಲ್ಲದೆ ಬೇರೇನನ್ನೂ ಕಮೋಡಿಗೆ ಹಾಕಬಾರದು. ಒಂದೇ ದಿನ ಎಲ್ಲ ಬಟ್ಟೆ ಒಗೆಯಬಾರದು. ಮನೆಯ ಹಿಂದಿನ ಹುಲ್ಲಿನ ಮೇಲೆ ಕಾರು ನಿಲ್ಲಿಸಬಾರದು.

"ಇಷ್ಟು ದೊಡ್ಡ ಸರೋವರ ಕಣ್ಣ ಮುಂದೆಯೇ ಇದೆ, ಆದರೂ ನೀರಿಗೆ ಇಷ್ಟು ಜಿಪುಣತನವೇ?" ಎಂದು ತಂಗಿ ಫೋನಿನಲ್ಲಿ ನಕ್ಕಳು. ನಾನೂ ನಕ್ಕೆ. ಮಕ್ಕಳೂ ಸೇರಿ ಹತ್ತೊಂಬತ್ತು ಮಂದಿ ಹೋಗಿದ್ದವರು ಹತ್ತಿರದ ಪೇಟೆಯಲ್ಲಿ ಇನ್ನೆರಡು ಕೋಣೆ ಹಿಡಿಯಬೇಕಾಯಿತಂತೆ. ಅದು ಜಿಪುಣತನವಲ್ಲ ಎಂದು ಅವಳಿಗೆ ತಿಳಿದದ್ದು ಮನೆಯ ಯಜಮಾನತಿ ಬಂದು ಹಿತ್ತಿಲನ್ನು ತೋರಿಸಿದಾಗ. ನನಗೆ ತಿಳಿದದ್ದು ಮತ್ತೂ ತಡವಾಗಿ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಒಂಟಾರಿಯೋದಲ್ಲಿ ಎರಡೂವರೆ ಲಕ್ಷದಷ್ಟು ಸರೋವರಗಳಿವೆ. ಅವುಗಳ ದಡದ ಮನೆಗಳಲ್ಲಿ ಬಹುಪಾಲಿಗೆ ಊರಿನ ಒಳಚರಂಡಿ ಎಂಬುದಿಲ್ಲ. ಪ್ರತಿ ಮನೆಯ ಕೊಳೆ ನೀರು ಆ ಮನೆಯ ನೆಲದಲ್ಲೇ ಇಂಗಬೇಕು. ಹಿಂದಿನ ತಲೆಮಾರಿನವರು ಬೇಸಿಗೆಯ ಕೆಲವು ವಾರಗಳಿಗೆಂದು ಕಟ್ಟಿದ ಗುಡಿಸಲುಗಳು ಈಗ ವಾಷಿಂಗ್ ಮೆಷಿನ್, ಪಾತ್ರೆ ತೊಳೆಯುವ ಯಂತ್ರ, ಎರಡು ಮೂರು ಸ್ನಾನದ ಮನೆಗಳಿರುವ ಬಂಗಲೆಗಳಾಗಿವೆ. ಆದರೆ ಮಣ್ಣಿನಡಿಯಲ್ಲಿರುವುದು ಎಷ್ಟೋ ಕಡೆ ಹಳೆಯ ಟ್ಯಾಂಕೇ.

ಸೆಪ್ಟಿಕ್ ಟ್ಯಾಂಕ್ ಎಂದರೆ ಕೊಳೆಯನ್ನು ಶುದ್ಧ ಮಾಡುವ ಪೆಟ್ಟಿಗೆ ಎಂದು ನಮ್ಮಲ್ಲಿ ಹೆಚ್ಚಿನವರ ಭಾವನೆ. ಹಾಗಲ್ಲ. ಟ್ಯಾಂಕ್ ಮಾಡುವುದು ಬೇರ್ಪಡಿಸುವ ಕೆಲಸ. ಭಾರವಾದದ್ದು ಕೆಸರಾಗಿ ತಳಕ್ಕೆ ಇಳಿಯುತ್ತದೆ, ಎಣ್ಣೆ ಜಿಡ್ಡು ಕೆನೆಯಂತೆ ಮೇಲೆ ತೇಲುತ್ತದೆ, ನಡುವಿನ ನೀರು ಮಾತ್ರ ಹೊರಗೆ ಹರಿಯುತ್ತದೆ. ಆ ನೀರಿನಲ್ಲಿ ರೋಗಾಣುಗಳು ಲೆಕ್ಕವಿಲ್ಲದಷ್ಟು ಇನ್ನೂ ಇರುತ್ತವೆ. ಅದನ್ನು ತೂತುಗಳಿರುವ ಕೊಳವೆಗಳ ಮೂಲಕ ಜಲ್ಲಿಯ ಮೇಲೆ ಹರಡಿ, ಅಲ್ಲಿಂದ ಮಣ್ಣಿಗೆ ನಿಧಾನವಾಗಿ ಇಳಿಸುತ್ತಾರೆ. ನಿಜವಾದ ಶುದ್ಧೀಕರಣ ನಡೆಯುವುದು ಈ ಮಣ್ಣಿನಲ್ಲಿ. ಗಾಳಿಯಾಡುವ ಒಣ ಮಣ್ಣಿನ ಕಣಗಳ ನಡುವೆ ವಾಸಿಸುವ ಸೂಕ್ಷ್ಮಜೀವಿಗಳು ರೋಗಾಣುಗಳನ್ನು ತಡೆದು ತಿನ್ನುತ್ತವೆ. ಯಜಮಾನತಿ ಕಾರು ನಿಲ್ಲಿಸಬೇಡಿ ಎಂದದ್ದು ಇದಕ್ಕೆ. ಆ ಹುಲ್ಲಿನ ಕೆಳಗೆ ಕೊಳವೆಗಳಿದ್ದವು. ಮಣ್ಣನ್ನು ಒತ್ತಿದರೆ ಅದರ ಉಸಿರು ಕಟ್ಟುತ್ತದೆ. ಚಳಿಗಾಲದಲ್ಲಿ ಅಲ್ಲಿ ಹಿಮದ ವಾಹನ ಓಡಿಸುವುದನ್ನೂ ಬೇಡವೆನ್ನುತ್ತಾರೆ. ಸಡಿಲ ಹಿಮ ಕಂಬಳಿಯಂತೆ ನೆಲವನ್ನು ಬೆಚ್ಚಗಿಡುತ್ತದೆ, ತುಳಿದು ಗಟ್ಟಿಯಾದರೆ ಶೀತ ಕೊಳವೆಯ ತನಕ ಇಳಿಯುತ್ತದೆ.

ಎಂಟೇ ಜನ ಎಂಬ ನಿಯಮಕ್ಕೂ ಕಾರಣವಿದೆ. ಕೆಸರು ತಳಕ್ಕೆ ಇಳಿಯಲು ಸಮಯ ಬೇಕು. ಹತ್ತೊಂಬತ್ತು ಮಂದಿಯ ಸ್ನಾನ, ವುಝೂ, ಒಗೆತ ಎಲ್ಲ ಒಂದೇ ದಿನ ನುಗ್ಗಿದರೆ ಕೆಸರು ಕದಡಿ ನೀರಿನ ಜೊತೆಗೇ ಹೊರಟುಬಿಡುತ್ತದೆ. ಕೊಳವೆಯ ತೂತುಗಳು ಕಟ್ಟಿಕೊಳ್ಳುತ್ತವೆ. ಅಲ್ಲಿಗೆ ಆ ನೆಲದ ಆಯುಷ್ಯ ಮುಗಿದಂತೆ, ಹೊಸದಾಗಿ ಅಗೆಯಬೇಕು. ಸಿಂಕಿಗೆ ಸುರಿದ ಎಣ್ಣೆಯೂ ಇದನ್ನೇ ಮಾಡುತ್ತದೆ. ನಮ್ಮ ಅಡುಗೆಯಲ್ಲಿ ಎಣ್ಣೆ ಎಷ್ಟೆಂದು ನಿಮಗೆ ಬೇರೆ ಹೇಳಬೇಕಿಲ್ಲ. ಬಿರಿಯಾನಿಯ ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ ನಂತರ ತೊಳೆಯುವುದನ್ನು ತಂಗಿ ಅಲ್ಲಿ ಕಲಿತಳು. ಮಗುವಿನ ಡೈಪರ್, ಸ್ಯಾನಿಟರಿ ಪ್ಯಾಡ್, ಒರೆಸುವ ವೈಪ್ಸ್ ಇವು ಯಾವುವೂ ಒಳಗೆ ಕರಗುವುದಿಲ್ಲ, ಪೊಟ್ಟಣದ ಮೇಲೆ ಏನೇ ಬರೆದಿರಲಿ.

ಒಂಟಾರಿಯೋದ ಕಟ್ಟಡ ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಭಾಗವಿದೆ. ಟ್ಯಾಂಕ್ ಕನಿಷ್ಠ 3,600 ಲೀಟರಿನದ್ದಾಗಿರಬೇಕು. ಅದು ಬಾವಿಯಿಂದಲೂ ಸರೋವರದಿಂದಲೂ 15 ಮೀಟರ್ ದೂರವಿರಬೇಕು. ನೀರು ಇಂಗಿಸುವ ಕೊಳವೆಗಳು ಅಗೆದ ತೆರೆದ ಬಾವಿಯಿಂದ 30 ಮೀಟರ್ ದೂರವಿರಬೇಕು. ಕೊಳವೆಯ ಕಾಲುವೆಯ ತಳಕ್ಕೂ ಕೆಳಗಿನ ಬಂಡೆಗೆ ಅಥವಾ ಅಂತರ್ಜಲಕ್ಕೂ ನಡುವೆ 90 ಸೆಂ.ಮೀ. ಮಣ್ಣು ಇರಬೇಕು. ಈ ಕೊನೆಯದ್ದೇ ಮಸ್ಕೋಕಾದಲ್ಲಿ ಕಷ್ಟ. ಅಲ್ಲಿ ಪುರಾತನ ಗ್ರಾನೈಟ್ ಬಂಡೆಯ ಮೇಲೆ ಮಣ್ಣು ತೆಳ್ಳಗಿನ ಚಾದರದಂತಿದೆ. ಎಷ್ಟೋ ಕಡೆ ಹೊರಗಿನಿಂದ ಮರಳು ತಂದು ದಿಬ್ಬ ಮಾಡಿ ಅದರೊಳಗೆ ಕೊಳವೆ ಹಾಸುತ್ತಾರೆ.

ಇಲ್ಲಿ ನನಗೆ ಮದ್ರಸದ ದಿನಗಳು ನೆನಪಾದವು. ಹನಫೀ ಫಿಕ್ಹ್ ಗ್ರಂಥಗಳ ಶುದ್ಧಿಯ ಅಧ್ಯಾಯದಲ್ಲಿ ಬಾವಿಗೂ ಕೊಳೆಗುಂಡಿಗೂ ಎಷ್ಟು ಅಂತರ ಬೇಕೆಂಬ ಚರ್ಚೆ ಇದೆ. ಕೆಲವರು ಐದು ಮೊಳ ಎಂದರು, ಕೆಲವರು ಏಳು ಎಂದರು. ಆದರೆ ನಂತರದ ವಿದ್ವಾಂಸರು ಮೊಳದ ಲೆಕ್ಕವನ್ನು ಬದಿಗಿಟ್ಟು, ಮಣ್ಣು ಸಡಿಲವೋ ಗಟ್ಟಿಯೋ ಎಂಬುದರ ಮೇಲೆ ಅಂತರ ಬದಲಾಗುತ್ತದೆ, ನೀರಿನ ಬಣ್ಣ, ರುಚಿ, ವಾಸನೆಯಲ್ಲಿ ಕೊಳೆಯ ಗುರುತು ಕಾಣದಿರುವಷ್ಟು ದೂರ ಬೇಕು ಎಂದರು. ಹದಿನೇಳನೇ ವಯಸ್ಸಿನಲ್ಲಿ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದವಳು ನಾನು. ಇಂದು ಒಂಟಾರಿಯೋದಲ್ಲಿ ಕೊಳವೆ ಹಾಸುವ ಮೊದಲು ಮಣ್ಣಿನಲ್ಲಿ ನೀರು ಎಷ್ಟು ನಿಮಿಷಕ್ಕೆ ಎಷ್ಟು ಇಳಿಯುತ್ತದೆಂದು ಲೆಕ್ಕ ಹಾಕುತ್ತಾರೆ. ತೀರಾ ಬೇಗ ಇಳಿದರೂ ಆಗದು, ಇಳಿಯದಿದ್ದರೂ ಆಗದು. ಬಣ್ಣ, ರುಚಿ, ವಾಸನೆಗೆ ಸಿಗದ ರೋಗಾಣುಗಳೂ ಇವೆ ಎಂದು ಈಗ ನಮಗೆ ತಿಳಿದಿದೆ ಎಂಬುದಷ್ಟೇ ವ್ಯತ್ಯಾಸ.

ರೋಗಾಣು ಒಂದು ಕಡೆ. ಸರೋವರಕ್ಕೆ ಇನ್ನೊಂದು ಶತ್ರು ರಂಜಕ. ಮಲಮೂತ್ರದಲ್ಲಿ ಅದು ಇದ್ದೇ ಇದೆ, ಹಿಂದೆ ಬಟ್ಟೆ ಸೋಪಿನ ಪುಡಿಯಲ್ಲೂ ಧಾರಾಳವಾಗಿತ್ತು. ಒಂಟಾರಿಯೋದ ವಾಯವ್ಯ ಭಾಗದಲ್ಲಿ 1968ರಲ್ಲಿ 58 ಸಣ್ಣ ಸರೋವರಗಳನ್ನು ಪ್ರಯೋಗಕ್ಕೆಂದೇ ಮೀಸಲಿಟ್ಟರು. ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1973ರಲ್ಲಿ 226ನೇ ಸಂಖ್ಯೆಯ ಸರೋವರವನ್ನು ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಎರಡಕ್ಕೂ ಇಂಗಾಲ ಮತ್ತು ಸಾರಜನಕ ಹಾಕಿದರು, ಒಂದು ಪಾಲಿಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಪಾಲು ಪಾಚಿಯಿಂದ ಹಸಿರಾಯಿತು, ಇನ್ನೊಂದು ಮೊದಲಿನಂತೆಯೇ ಉಳಿಯಿತು. ಆಕಾಶದಿಂದ ತೆಗೆದ ಆ ಚಿತ್ರವನ್ನು ನೋಡಿದವರಿಗೆ ಬೇರೆ ಭಾಷಣ ಬೇಕಿಲ್ಲ. ಸೋಪಿನ ಕಂಪೆನಿಗಳು ತಪ್ಪು ರಂಜಕದ್ದಲ್ಲ ಎಂದು ವಾದಿಸುತ್ತಿದ್ದ ಕಾಲವದು. ಕೆನಡಾ 1970ರ ದಶಕದ ಆರಂಭದಲ್ಲೇ ಬಟ್ಟೆ ಸೋಪಿನ ರಂಜಕಕ್ಕೆ ಮಿತಿ ಹಾಕಿತ್ತು, 2010ರಲ್ಲಿ ಮನೆಯ ಪಾತ್ರೆ ತೊಳೆಯುವ ಯಂತ್ರದ ಪುಡಿಗೂ ವಿಸ್ತರಿಸಿ ಮಿತಿಯನ್ನು ಶೇಕಡಾ 0.5ಕ್ಕೆ ಇಳಿಸಿತು.

ಪಾಚಿ ಬಂದರೆ ಏನಾಗುತ್ತದೆ ಎನ್ನಬಹುದು. ನೀಲಿ ಹಸಿರು ಪಾಚಿಯಲ್ಲಿ ಕೆಲವು ವಿಷ ಉಗುಳುತ್ತವೆ. ಆ ನೀರು ಕುಡಿದ ನಾಯಿಗಳು ಸತ್ತಿವೆ. ಕುದಿಸಿದರೆ ಆ ವಿಷ ಹೋಗುವುದಿಲ್ಲ, ನೀರು ಆವಿಯಾದಂತೆ ಇನ್ನಷ್ಟು ಗಾಢವಾಗುತ್ತದೆ. ಕುದಿಸಿ ಕುಡಿದರೆ ಎಲ್ಲ ಸರಿ ಎಂದು ನಂಬಿದ ನಮ್ಮಂತಹ ಗೃಹಿಣಿಯರು ಇದನ್ನು ನೆನಪಿಡಬೇಕು. ರಂಜಕ ಒಮ್ಮೆ ತಳದ ಕೆಸರಿಗೆ ಸೇರಿತೆಂದರೆ ಗುಂಡಿಯನ್ನು ಸರಿಪಡಿಸಿದ ಮೇಲೂ ವರ್ಷಗಟ್ಟಲೆ ನೀರಿಗೆ ಬಿಡುಗಡೆಯಾಗುತ್ತಲೇ ಇರುತ್ತದೆ.

ಒಂಟಾರಿಯೋದವರು ನೀರಿನ ವಿಷಯದಲ್ಲಿ ಎಚ್ಚರವಾದದ್ದು ಒಂದು ದುರಂತದ ನಂತರ. 2000ದ ಮೇ ತಿಂಗಳಲ್ಲಿ ವಾಕರ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ಕುಡಿಯುವ ನೀರಿನಿಂದ ಏಳು ಮಂದಿ ಸತ್ತರು, ಸುಮಾರು 2,300 ಮಂದಿ ಕಾಯಿಲೆ ಬಿದ್ದರು. ಅಲ್ಲಿ ಕಾರಣ ಸೆಪ್ಟಿಕ್ ಟ್ಯಾಂಕ್ ಅಲ್ಲ, ಹೊಲಕ್ಕೆ ಹಾಕಿದ ದನದ ಗೊಬ್ಬರ. ಮಳೆಗೆ ಅದರ ರೋಗಾಣುಗಳು ಬಿರುಕು ಬಿಟ್ಟ ಬಂಡೆಯ ಮೂಲಕ ಆಳವಿಲ್ಲದ ಬಾವಿಗೆ ಇಳಿದವು. ನೀರಿಗೆ ಹಾಕಬೇಕಾದಷ್ಟು ಕ್ಲೋರಿನ್ ಹಾಕಿರಲಿಲ್ಲ. ಆಮೇಲೆ ಕಾನೂನುಗಳು ಬಿಗಿಯಾದವು. ಸಿಮ್ಕೋ ಸರೋವರದ ರಕ್ಷಣೆಗೆ 2008ರಲ್ಲಿ ಬಂದ ಪ್ರತ್ಯೇಕ ಕಾಯಿದೆಯಡಿ, ದಡದಿಂದ 100 ಮೀಟರ್ ಒಳಗಿನ ಸೆಪ್ಟಿಕ್ ವ್ಯವಸ್ಥೆಗಳನ್ನು 5 ವರ್ಷಕ್ಕೊಮ್ಮೆ ತಪಾಸಣೆ ಮಾಡುವುದು ಕಡ್ಡಾಯವಾಯಿತು. ಸರ್ಕಾರದವರೇ ಎಲ್ಲ ಮಾಡಲಿ ಎಂದು ದಡದವರೂ ಕುಳಿತಿಲ್ಲ. ನೂರಾರು ಸರೋವರಗಳಲ್ಲಿ ಅಲ್ಲಿನ ನಿವಾಸಿಗಳೇ ದೋಣಿಯಲ್ಲಿ ಹೋಗಿ ಕಪ್ಪು ಬಿಳುಪಿನ ತಟ್ಟೆಯನ್ನು ಹಗ್ಗದಲ್ಲಿ ಇಳಿಸಿ, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ಬರೆದಿಡುತ್ತಾರೆ, ರಂಜಕದ ಪರೀಕ್ಷೆಗೆ ನೀರು ಕಳಿಸುತ್ತಾರೆ. ತಂಗಿಯ ಯಜಮಾನತಿಯೂ ಅವರಲ್ಲೊಬ್ಬಳು.

ಇದನ್ನೆಲ್ಲ ಕೇಳಿದ ರಾತ್ರಿ ನಾನು ನಮ್ಮ ಹಿತ್ತಿಲಿಗೆ ಟಾರ್ಚ್ ಹಿಡಿದು ಹೋದೆ. ನಮ್ಮದು ಕರಾವಳಿಯ ಮುರಕಲ್ಲಿನ ನೆಲ, ತೂತು ತೂತಾದ ಕಲ್ಲು, ಮಳೆಗಾಲದಲ್ಲಿ ನೀರು ಕೈಗೆಟಕುವಷ್ಟು ಮೇಲೆ ಬರುತ್ತದೆ. ನಾವು ಸೆಪ್ಟಿಕ್ ಟ್ಯಾಂಕ್ ಎಂದು ಹೇಳಿಕೊಂಡು ಬಂದದ್ದು ನಿಜವಾಗಿ ತಳವಿಲ್ಲದ ರಿಂಗುಗಳ ಒಂದು ಗುಂಡಿ. ಹದಿನೆಂಟು ವರ್ಷದಿಂದ ತುಂಬಿಲ್ಲ ಎಂದು ನನ್ನವರು ಹೆಮ್ಮೆಯಿಂದ ಹೇಳುತ್ತಿದ್ದರು. ಯಾಕೆ ತುಂಬಿಲ್ಲ? ನಮ್ಮ ಬಾವಿ ಮೇಲ್ಗಡೆ ಇದೆ, ನೀರು ಕನ್ನಡಿಯಂತಿದೆ. ಗುಂಡಿ ಕೆಳಗಡೆ ಇದೆ. ಅದರಿಂದ ನೆರೆಮನೆಯ ಬಾವಿಗೆ ಹೆಜ್ಜೆ ಎಣಿಸಿದೆ. ಹನ್ನೊಂದು. ಭಾರತೀಯ ಮಾನಕದ ಪ್ರಕಾರ ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕು. ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂಬ ಪ್ರವಾದಿವರ್ಯರ(ಸ) ಆದೇಶವನ್ನು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುವವಳು ನಾನು.

ನೆರೆಮನೆಯಲ್ಲಿ ವಯಸ್ಸಾದ ವಿಧವೆ, ಅವರ ಸೊಸೆ, ಇಬ್ಬರು ಪುಟ್ಟ ಮೊಮ್ಮಕ್ಕಳು. ಮಳೆಗಾಲ ಬಂತೆಂದರೆ ಆ ಮಕ್ಕಳಿಗೆ ಭೇದಿ. ಹಲಸಿನ ಹಣ್ಣು ತಿಂದದ್ದಕ್ಕೆ ಎಂದು ನಾವೆಲ್ಲ ಹೇಳುತ್ತಿದ್ದೆವು. ಜಲ ಜೀವನ್ ಮಿಷನ್ ಯೋಜನೆಯಡಿ ಹಳ್ಳಿಗಳಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ಕ್ರಮವಿದೆ. ಹಾಗೆ ಕಲಿತ ಒಬ್ಬ ಸಹೋದರಿಯನ್ನು ಕರೆಸಿ ಎರಡೂ ಬಾವಿಗಳ ನೀರನ್ನು ಸಣ್ಣ ಬಾಟಲಿಗಳಲ್ಲಿ ತುಂಬಿಸಿಟ್ಟೆವು. ಮರುದಿನ ನಮ್ಮದು ಹಾಗೆಯೇ ಇತ್ತು, ಅವರದ್ದು ಮಸಿಯಂತೆ ಕಪ್ಪಾಗಿತ್ತು. ಆ ಕಪ್ಪು ನಮ್ಮ ಗುಂಡಿಯದ್ದೇ ಎಂದು ಬಾಟಲಿ ಹೇಳುವುದಿಲ್ಲ, ನಿಜ. ನನ್ನವರು ಅದನ್ನೇ ಹೇಳಿದರು. ನಾನು ಆ ಹನ್ನೊಂದು ಹೆಜ್ಜೆಯನ್ನು ಅವರಿಂದಲೂ ನಡೆಸಿದೆ.

ಅಡುಗೆಮನೆ ದುರಸ್ತಿಗೆಂದು ಇಟ್ಟಿದ್ದ ಹಣದಲ್ಲಿ ತಳವಿರುವ ಎರಡು ಕೋಣೆಯ ಟ್ಯಾಂಕ್ ಕಟ್ಟಿಸಿದೆವು. ಇಂಗುವ ಜಾಗವನ್ನು ಎರಡೂ ಬಾವಿಗಳಿಂದ ದೂರ, ರಸ್ತೆಯ ಮಗ್ಗುಲಿಗೆ ಒಯ್ದೆವು. ಹಳೆಯ ಗುಂಡಿಯನ್ನು ಖಾಲಿ ಮಾಡಲು ಒಬ್ಬ ಮೇಸ್ತ್ರಿ ಇಬ್ಬರು ಹುಡುಗರನ್ನು ಇಳಿಸುತ್ತೇನೆಂದ. ಬೇಡವೆಂದೆ. 2013ರ ಕಾಯಿದೆಯಂತೆ ಅದು ಅಪರಾಧ, ಗುಂಡಿಯ ವಿಷಾನಿಲಕ್ಕೆ ಎಷ್ಟೋ ತಾಯಂದಿರ ಮಕ್ಕಳು ಬಲಿಯಾಗಿದ್ದಾರೆ. ಯಂತ್ರದ ಲಾರಿ ಬರಲು ಹನ್ನೆರಡು ದಿನ ಕಾಯಬೇಕಾಯಿತು.

ನೆರೆಯವರಿಗೆ ವಿಷಯ ಹೇಳಲು ಹೋದದ್ದು ಇದಕ್ಕಿಂತ ಕಷ್ಟವಾಯಿತು. ಆ ವೃದ್ಧೆ ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ವರ್ಷ ಹೇಳಬಾರದಿತ್ತೇ ಟೀಚರ್?" ಎಂದರು. ಹೋದ ವರ್ಷ ಚಿಕ್ಕ ಮೊಮ್ಮಗು ಒಂಬತ್ತು ದಿನ ಆಸ್ಪತ್ರೆಯಲ್ಲಿತ್ತು.

ಈಗ ನಮ್ಮ ಬಾವಿಯಿಂದ ಒಂದು ಪೈಪು ಅವರ ಅಡುಗೆಮನೆಗೆ ಹೋಗುತ್ತದೆ. ಅವರ ಬಾವಿಯ ನೀರನ್ನು ಮೂರು ತಿಂಗಳಿಗೊಮ್ಮೆ ಬಾಟಲಿಯಲ್ಲಿ ಇಡುತ್ತೇವೆ. ಕಳೆದ ಸಲವೂ ಅದು ಕಪ್ಪಾಯಿತು, ಆದರೆ ಎರಡನೆಯ ದಿನದ ಸಂಜೆಗೆ.