ಅಪ್ಪ ಜಿಗಿದರೆ ಮಗಳು ಹಾರುತ್ತಾಳೆ

ಟ್ರ್ಯಾಂಪೊಲಿನ್ ಮೇಲೆ 80 ಕೆ.ಜಿ. ತೂಕದ ಅಪ್ಪ ಅರ್ಧ ಮೀಟರ್ ಮೇಲಕ್ಕೆ ನೆಗೆದು ಕೆಳಗೆ ಬರುತ್ತಾನೆ. ಪಕ್ಕದಲ್ಲಿ 20 ಕೆ.ಜಿ.ಯ ಮಗಳು ನಿಂತಿದ್ದಾಳೆ. ಅಪ್ಪ ಮೇಲಿಂದ ತಂದ ಶಕ್ತಿ ಸುಮಾರು 390 ಜೂಲ್. ಅದಷ್ಟೂ ಮಗಳ ಕಾಲಡಿಗೆ ಹರಿದರೆ ಅವಳು ಎಷ್ಟು ಎತ್ತರ ಹೋದಾಳು? ಲೆಕ್ಕ ಸುಲಭ. ತೂಕ ನಾಲ್ಕರಲ್ಲಿ ಒಂದು ಪಾಲು, ಆದ್ದರಿಂದ ಎತ್ತರ ನಾಲ್ಕು ಪಟ್ಟು: ಎರಡು ಮೀಟರ್. ನಿಜದಲ್ಲಿ ಪೂರ್ತಿ ಶಕ್ತಿ ದಾಟುವುದಿಲ್ಲ ಎನ್ನಿ. ಅರ್ಧ ದಾಟಿದರೂ ಒಂದು ಮೀಟರ್ ಆಯಿತು. ಅಷ್ಟು ಎತ್ತರದಿಂದ ನೆಟ್ಟಗೆ ಇಳಿಯುವುದನ್ನು ಆ ಮಗು ಕಲಿತೇ ಇಲ್ಲ.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಹಿತ್ತಿಲುಗಳಲ್ಲಿ ಟ್ರ್ಯಾಂಪೊಲಿನ್ ಹಳೆಯ ಅತಿಥಿ. ಅಲ್ಲಿ ಮನೆ ಮಾಡಿರುವ ಕನ್ನಡದ ಕುಟುಂಬಗಳಿಗೂ ಅದರ ಪರಿಚಯ ಚೆನ್ನಾಗಿಯೇ ಇದೆ. ಬೆಂಗಳೂರಿನ ಮಕ್ಕಳು ಅದನ್ನು ಮೊದಲು ಕಾಣುವುದು ಟ್ರ್ಯಾಂಪೊಲಿನ್ ಪಾರ್ಕುಗಳಲ್ಲಿ. ಮನೆಗೆ ಬಂದ ಮೇಲೆ 'ನಮಗೂ ಒಂದು ಬೇಕು' ಎಂಬ ಹಟ ಶುರು. ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವುದು ಮೂರು ಪ್ರಶ್ನೆ: ಎಷ್ಟು ಅಡಿಯದು, ಸ್ಪ್ರಿಂಗ್ ಎಷ್ಟು, ಸುತ್ತ ಬಲೆ ಇದೆಯೇ? ಮೂರೂ ಕೇಳಬೇಕಾದವೇ. ಆದರೆ ಅಪ್ಪ-ಮಗಳ ಲೆಕ್ಕಕ್ಕೆ ಈ ಮೂರರಲ್ಲಿ ಯಾವುದೂ ಉತ್ತರ ಕೊಡುವುದಿಲ್ಲ. ಅದಕ್ಕೆ ಯಂತ್ರದ ಒಳಗುಟ್ಟನ್ನೇ ನೋಡಬೇಕು.

ಈ ಯಂತ್ರ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ್‍ಯಾಪಿಡ್ಸ್ ಊರಿನಲ್ಲಿ. ಸರ್ಕಸ್ಸಿನಲ್ಲಿ ಉಯ್ಯಾಲೆಯಾಟ ಮುಗಿಸಿದವರು ಕೆಳಗಿನ ರಕ್ಷಣಾ ಬಲೆಗೆ ಧುಮುಕಿ, ಅಲ್ಲಿಂದ ಪುಟಿದು ಪಲ್ಟಿ ಹೊಡೆಯುವುದನ್ನು ಜಾರ್ಜ್ ನಿಸನ್ ಎಂಬ ಹುಡುಗ ಕಣ್ಣರಳಿಸಿ ನೋಡಿದ. ಆ ಪುಟಿತ ನಿಲ್ಲದೆ ಮುಂದುವರಿಯುವಂತಿದ್ದರೆ ಎಂಬ ಯೋಚನೆ ಅವನ ತಲೆಗೆ ಹೊಕ್ಕಿತು. ಅಪ್ಪ-ಅಮ್ಮನ ಗ್ಯಾರೇಜಿನಲ್ಲಿ ಗುಜರಿ ಕಬ್ಬಿಣ, ಕ್ಯಾನ್ವಾಸ್ ಬಟ್ಟೆ, ಟೈರಿನ ಟ್ಯೂಬು ಇಟ್ಟುಕೊಂಡು ಪ್ರಯೋಗ ನಡೆಸಿದ. 1930ರ ದಶಕದ ನಡುವೆ, ಅಯೋವಾ ವಿಶ್ವವಿದ್ಯಾಲಯದ ಜಿಮ್ನಾಸ್ಟಿಕ್ಸ್ ತರಬೇತುದಾರ ಲ್ಯಾರಿ ಗ್ರಿಸ್ವೋಲ್ಡ್ ಜೊತೆಗೂಡಿ ಇಂದಿನ ರೂಪದ ಟ್ರ್ಯಾಂಪೊಲಿನ್ ಕಟ್ಟಿದ. 1942ರಲ್ಲಿ ಇಬ್ಬರೂ ಸೇರಿ ಕಂಪನಿ ತೆರೆದರು. ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳ ತರಬೇತಿಗೂ ಟ್ರ್ಯಾಂಪೊಲಿನ್ ಬಳಕೆಯಾಯಿತು. ನಿಸನ್ ಪ್ರಚಾರದಲ್ಲೂ ಚಾಲಾಕಿ: 1960ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಂದು ಕಾಂಗರೂ ಜೊತೆ ಟ್ರ್ಯಾಂಪೊಲಿನ್ ಮೇಲೆ ಜಿಗಿದು ಫೋಟೊ ತೆಗೆಸಿಕೊಂಡ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ತನ್ನ ಆಟಕ್ಕೆ ಪದಕ ಸಿಗುವುದನ್ನು ಕಂಡ. 2010ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡ. ಈ ಕಥೆಯಲ್ಲಿ ಗಮನಿಸಬೇಕಾದದ್ದು ಒಂದಿದೆ. ಟ್ರ್ಯಾಂಪೊಲಿನ್ ರೂಪುಗೊಂಡದ್ದು ಜಿಮ್ನಾಸ್ಟ್‌ಗಳಿಗಾಗಿ. ಅಲ್ಲಿ ಒಬ್ಬ ಮೇಲೆ ಜಿಗಿಯುತ್ತಾನೆ, ಉಳಿದವರು ಸುತ್ತ ನಿಂತು ಕಾಯುತ್ತಾರೆ. ಇಡೀ ಸಂಸಾರ ಒಟ್ಟಿಗೆ ಹತ್ತಿ ಕುಣಿಯುವ ಆಟವಾದದ್ದು ಅದು ಹಿತ್ತಿಲಿಗೆ ಬಂದ ಮೇಲೆ.

ಟ್ರ್ಯಾಂಪೊಲಿನ್ ತಾನಾಗಿ ಯಾರನ್ನೂ ಮೇಲೆತ್ತುವುದಿಲ್ಲ. ಅದು ಶಕ್ತಿಯ ಬ್ಯಾಂಕು. ನೀವು ಬೀಳುವಾಗ ಜಮಾ ಮಾಡಿದ್ದನ್ನು ಸ್ಪ್ರಿಂಗುಗಳು ಹಿಗ್ಗಿ ಇಟ್ಟುಕೊಳ್ಳುತ್ತವೆ, ಕುಗ್ಗುವಾಗ ಹಿಂದಿರುಗಿಸುತ್ತವೆ. ಗಾಳಿಯ ತಡೆಗೆ, ಲೋಹದ ಬಿಸಿಗೆ ಸ್ವಲ್ಪ ಕಡಿತವಾಗುತ್ತದೆ. ಆ ನಷ್ಟವನ್ನು ಪ್ರತಿ ಸಲವೂ ನಿಮ್ಮ ಕಾಲುಗಳು ತುಂಬಿಕೊಡಬೇಕು. ಸುಮ್ಮನೆ ನಿಂತರೆ ನಾಲ್ಕಾರು ಪುಟಿತದಲ್ಲಿ ಆಟ ಮುಗಿಯಿತು. ಈ ಬ್ಯಾಂಕಿನ ಒಂದೇ ದೋಷವೆಂದರೆ ಜಮಾ ಮಾಡಿದವರು ಯಾರು, ಪಡೆಯುತ್ತಿರುವವರು ಯಾರು ಎಂದು ಅದು ನೋಡುವುದಿಲ್ಲ. ಹಾಸಿನ ಮೇಲೆ ಆ ಕ್ಷಣದಲ್ಲಿ ಯಾರ ಕಾಲಿದೆಯೋ ಅವರಿಗೆ ಕೊಟ್ಟುಬಿಡುತ್ತದೆ.

ಅದು ಮಾಡುವ ಉಪಕಾರವನ್ನೂ ಹೇಳಬೇಕು. ಒಂದು ಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಸೆಟೆದು ಬಿದ್ದ ದೇಹ ನಾಲ್ಕು ಸೆಂಟಿಮೀಟರಿನಲ್ಲಿ ನಿಂತಿತು ಎನ್ನಿ. ಆಗ ಅದರ ಮೇಲೆ ಬೀಳುವ ಸರಾಸರಿ ಬಲ ದೇಹತೂಕದ 26 ಪಟ್ಟು. ಅದೇ ದೇಹವನ್ನು ಟ್ರ್ಯಾಂಪೊಲಿನ್ ಹಾಸು 40 ಸೆಂಟಿಮೀಟರ್ ಜಗ್ಗಿ ನಿಲ್ಲಿಸಿದರೆ ಬಲ ಬರೀ ಮೂರೂವರೆ ಪಟ್ಟು. ನಾಸಾ ವಿಜ್ಞಾನಿಗಳೂ ಇದ್ದ ತಂಡವೊಂದು 1980ರಲ್ಲಿ ಓಟ ಮತ್ತು ಟ್ರ್ಯಾಂಪೊಲಿನ್ ಜಿಗಿತಗಳನ್ನು ಹೋಲಿಸಿತು. ಓಡುವಾಗ ಪಾದದ ಗಂಟಿಗೆ ತಗಲುವ ಆಘಾತ ಬೆನ್ನು ಮತ್ತು ಹಣೆಗೆ ತಗಲುವುದರ ಎರಡು ಪಟ್ಟಿಗೂ ಹೆಚ್ಚಿತ್ತು. ಟ್ರ್ಯಾಂಪೊಲಿನ್ ಮೇಲೆ ಮೂರೂ ಕಡೆ ಹೆಚ್ಚೂಕಡಿಮೆ ಒಂದೇ ಆಗಿತ್ತು. ಕೀಲುಗಳಿಗೆ ಇದು ಹಿತವೆಂಬ ಮಾತಿಗೆ ಆಧಾರ ಇದೇ. ಅದು ಒಬ್ಬರೇ, ನೆಟ್ಟಗೆ, ನಡುಮಧ್ಯೆ ಜಿಗಿಯುವಾಗಿನ ಮಾತು ಎಂಬುದನ್ನು ಮಾತ್ರ ಮರೆಯಬಾರದು.

ಈಗ ಅಂಗಡಿಗೆ ಹೋಗೋಣ. ಮೊದಲ ಆಯ್ಕೆ ಆಕಾರದ್ದು. ದುಂಡನೆಯದು ಅಗ್ಗ, ಆಯತದ್ದು ದುಬಾರಿ. ಕಾರಣ ಫ್ರೇಮಿನಲ್ಲಿದೆ. ಎಳೆದು ಕಟ್ಟಿದ ಸ್ಪ್ರಿಂಗುಗಳೆಲ್ಲ ಫ್ರೇಮನ್ನು ಸದಾ ಒಳಕ್ಕೆ ಜಗ್ಗುತ್ತಿರುತ್ತವೆ. ವೃತ್ತದಲ್ಲಿ ಈ ಸೆಳೆತ ಎಲ್ಲ ಕಡೆ ಸಮನಾಗಿ ಹಂಚಿಹೋಗುವುದರಿಂದ ತೆಳು ಕೊಳವೆಯೂ ತಡೆದುಕೊಳ್ಳುತ್ತದೆ. ಆಯತದ ಉದ್ದನೆಯ ಪಕ್ಕಗಳು ಒಳಕ್ಕೆ ಬಾಗಲು ನೋಡುತ್ತವೆ. ಅವನ್ನು ನೆಟ್ಟಗಿಡಲು ದಪ್ಪ ಉಕ್ಕು ಬೇಕು. ದುಂಡನೆಯದರಲ್ಲಿ ಎಲ್ಲಿ ಇಳಿದರೂ ಹಾಸಿನ ಇಳಿಜಾರು ನಿಮ್ಮನ್ನು ನಡುವಿಗೆ ತಳ್ಳುತ್ತದೆ. ಒಂಟಿ ಮಗುವಿಗೆ ಇದು ರಕ್ಷಣೆ, ಅಂಚಿನಿಂದ ದೂರ ಇಡುತ್ತದೆ. ಇಬ್ಬರಿದ್ದರೆ ಇಬ್ಬರನ್ನೂ ಅದೇ ನಡುವಿಗೆ ತಳ್ಳಿ ತಲೆಗೆ ತಲೆ ತಾಗಿಸುತ್ತದೆ. ಆಯತದ್ದು ಹೆಚ್ಚು ಎತ್ತರ ಪುಟಿಸುತ್ತದೆ, ಅದು ಪಲ್ಟಿ ಕಲಿಯುವ ಜಿಮ್ನಾಸ್ಟ್‌ಗಳಿಗೆ. ಒಲಿಂಪಿಕ್ಸ್‌ನಲ್ಲಿ ಬಳಸುವ ಆಯತ 5.05 ಮೀಟರ್ ಉದ್ದ, 2.91 ಮೀಟರ್ ಅಗಲ ಇರುತ್ತದೆ. ಅದರ ಮೇಲೆ ಒಬ್ಬ ಪಟು 1.8 ಸೆಕೆಂಡ್ ಗಾಳಿಯಲ್ಲಿದ್ದರೆ ಸುಮಾರು ನಾಲ್ಕು ಮೀಟರ್ ಮೇಲೇರಿದ ಎಂದರ್ಥ. ಮನೆಯ ಮಕ್ಕಳಿಗೆ ಅದು ಬೇಕಿಲ್ಲ.

ಅಡಿಯ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ಹನ್ನೆರಡು ಅಡಿ ಎಂದರೆ ಫ್ರೇಮಿನ ಅಡ್ಡಳತೆ. ಸ್ಪ್ರಿಂಗುಗಳ ಜಾಗ ಕಳೆದರೆ ಜಿಗಿಯುವ ಹಾಸು ಹತ್ತು ಅಡಿಯ ಆಸುಪಾಸು. ವಿಸ್ತೀರ್ಣದಲ್ಲಿ ನೋಡಿದರೆ ಮೂರರಲ್ಲಿ ಒಂದು ಪಾಲಿನಷ್ಟು ಹೋಯಿತು. ಆದ್ದರಿಂದ ಕೇಳಬೇಕಾದದ್ದು ಹಾಸಿನ ಅಳತೆ. ಸ್ಪ್ರಿಂಗಿನ ಸಂಖ್ಯೆಗೂ ಮರುಳಾಗಬೇಡಿ. ಉದ್ದನೆಯ, ಚೆನ್ನಾಗಿ ಹಿಗ್ಗುವ ಸ್ಪ್ರಿಂಗು ಮೆತ್ತಗೆ ಹಿಡಿದು ಮೆತ್ತಗೆ ಬಿಡುತ್ತದೆ. ಭಾರದವರಿಗೆಂದು ಬಿಗಿ ಮಾಡಿದ ಹಾಸು 20 ಕೆ.ಜಿ.ಯ ಮಗುವಿಗೆ ಜಗ್ಗುವುದೇ ಇಲ್ಲ. ಮಕ್ಕಳಿಗೆಂದು ಮಾಡಿದ್ದರ ಮೇಲೆ ದೊಡ್ಡವರು ಜಿಗಿದರೆ ಹಾಸು ನೆಲ ಮುಟ್ಟುತ್ತದೆ. ತಯಾರಕರು ಬರೆದಿರುವ ಗರಿಷ್ಠ ತೂಕದ ಮಿತಿ ನೋಡಿ, ನಿಜವಾಗಿ ಯಾರು ಜಿಗಿಯುತ್ತಾರೋ ಅವರ ತೂಕಕ್ಕೆ ತಕ್ಕದ್ದನ್ನು ಆರಿಸಿ. ಜೋಡಿಸುವಾಗ ಸ್ಪ್ರಿಂಗುಗಳನ್ನು ಸಾಲಾಗಿ ಸಿಕ್ಕಿಸುತ್ತಾ ಹೋದರೆ ಕೊನೆಯವು ಎಷ್ಟು ಎಳೆದರೂ ಕೊಕ್ಕೆಗೆ ಎಟುಕುವುದಿಲ್ಲ. ಎದುರುಬದುರಾಗಿ ಸಿಕ್ಕಿಸುತ್ತಾ ಬಂದರೆ ಬಿಗಿ ಸಮನಾಗಿ ಹಂಚಿಹೋಗುತ್ತದೆ.

ಸ್ಪ್ರಿಂಗೇ ಇಲ್ಲದ ಬಗೆಯೂ ಇದೆ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಎಂಜಿನಿಯರ್ ಕೀತ್ ಅಲೆಕ್ಸಾಂಡರ್ ರೂಪಿಸಿದ ವಿನ್ಯಾಸ ಅದು. ಉಕ್ಕಿನ ಸ್ಪ್ರಿಂಗುಗಳ ಬದಲು ಬಾಗುವ ಫೈಬರ್‌ಗ್ಲಾಸ್ ಕಡ್ಡಿಗಳು ಹಾಸಿನ ಅಂಚನ್ನು ಕೆಳಗಿನಿಂದ ಹಿಡಿದಿರುತ್ತವೆ. ಗಟ್ಟಿ ಫ್ರೇಮು ಹಾಸಿನ ಅಡಿಯಲ್ಲಿ, ಕಾಲಿಗೆ ಸಿಗದಂತೆ ಅಡಗಿರುತ್ತದೆ. ಬೆಲೆ ಹೆಚ್ಚು. ಆದರೆ ಸ್ಪ್ರಿಂಗುಗಳ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುವ, ಫ್ರೇಮಿಗೆ ಬಡಿದುಕೊಳ್ಳುವ ಅಪಾಯವನ್ನು ಅದು ವಿನ್ಯಾಸದಲ್ಲೇ ತೆಗೆದುಹಾಕಿದೆ. ಸ್ಪ್ರಿಂಗಿನದನ್ನೇ ಕೊಂಡರೆ, ಬಲೆ ಸ್ಪ್ರಿಂಗುಗಳ ಒಳಗಡೆ, ಹಾಸಿನ ಅಂಚಿಗೆ ಸೇರಿಕೊಂಡಿರುವುದನ್ನು ಆರಿಸಿ.

ಬಲೆ ಇದ್ದರೆ ಚಿಂತೆಯಿಲ್ಲ ಎಂಬ ನಂಬಿಕೆಗೆ ಅಂಕಿಅಂಶಗಳು ಒತ್ತಾಸೆ ನೀಡುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2012ರಲ್ಲಿ ಹೊರಡಿಸಿದ ಹೇಳಿಕೆಯ ಪ್ರಕಾರ, ಗಾಯಗಳಲ್ಲಿ ಸುಮಾರು ನಾಲ್ಕನೇ ಮೂರು ಪಾಲು ಆಗುವುದು ಒಬ್ಬರಿಗಿಂತ ಹೆಚ್ಚು ಜನ ಹಾಸಿನ ಮೇಲಿರುವಾಗ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕ ಮಗುವಿಗೆ ಪೆಟ್ಟಾಗುವ ಸಾಧ್ಯತೆ ಭಾರದವರಿಗಿಂತ 14 ಪಟ್ಟಿನವರೆಗೂ ಹೆಚ್ಚು. ಹೊರಕ್ಕೆ ಬಿದ್ದು ಆದ ಗಾಯಗಳು ಶೇಕಡಾ 27ರಿಂದ 39. ಬಲೆ ತಡೆಯಬಹುದಾದದ್ದು ಹೆಚ್ಚೆಂದರೆ ಇವನ್ನು. ಮೂರನೇ ಒಂದರಿಂದ ಅರ್ಧದಷ್ಟು ಪ್ರಸಂಗಗಳಲ್ಲಿ ದೊಡ್ಡವರು ಅಲ್ಲೇ ನಿಂತು ನೋಡುತ್ತಿದ್ದರು. ಮನೆಯಲ್ಲಿ ಟ್ರ್ಯಾಂಪೊಲಿನ್ ಬಳಕೆಯೇ ಬೇಡವೆಂಬುದು ಆ ಸಂಘದ ನಿಲುವು. ಕೊಂಡೇ ಕೊಳ್ಳುವವರು ಈ ಅಂಕಿಗಳ ಹಿಂದಿನ ಭೌತಶಾಸ್ತ್ರವನ್ನಾದರೂ ತಿಳಿದಿರಬೇಕು.

ಒಂದೇ ಹಾಸಿನ ಮೇಲೆ ತೂಕ ನಾಲ್ಕು ಪಟ್ಟಾದರೆ, ಹಾಸು ಕೆಳಗೆ ಹೋಗಿ ಮೇಲೆ ಬರಲು ಹಿಡಿಯುವ ಕಾಲ ಸುಮಾರು ಎರಡು ಪಟ್ಟಾಗುತ್ತದೆ. ಮಗಳು ಹಾಸನ್ನು ಬಿಟ್ಟು ಮೇಲೇಳುವ ಹೊತ್ತಿಗೆ ಅಪ್ಪ ಇನ್ನೂ ಅದರ ತಳದಲ್ಲಿರುತ್ತಾನೆ. ಇಬ್ಬರೂ ಒಂದೇ ತಾಳಕ್ಕೆ ಜಿಗಿಯೋಣವೆಂದರೂ ಹಾಸು ಒಪ್ಪುವುದಿಲ್ಲ. ತಾಳ ತಪ್ಪಿದಾಗ ಆಗಬಹುದಾದದ್ದು ಎರಡು. ಅಪ್ಪನ ಭಾರಕ್ಕೆ ಜಗ್ಗಿದ ಹಾಸು ಚಿಮ್ಮುವಾಗ ಮಗಳ ಕಾಲು ಅದರ ಮೇಲಿದ್ದರೆ ಅವಳು ಲಂಗುಲಗಾಮಿಲ್ಲದೆ ಹಾರುತ್ತಾಳೆ. ಇನ್ನೊಂದು, ಅವಳು ಕೆಳಗಿಳಿಯುತ್ತಿರುವಾಗಲೇ ಹಾಸು ಮೇಲಕ್ಕೆ ನುಗ್ಗಿ ಬರುವುದು. ಆಗ ಎರಡರ ವೇಗ ಕೂಡಿಕೊಂಡು, ಮೆತ್ತಗಿರಬೇಕಾದ ಹಾಸು ಗಟ್ಟಿ ನೆಲದಂತೆ ಬಡಿಯುತ್ತದೆ. ಪುಟ್ಟ ಮಕ್ಕಳಿಗೆ ಮೊಣಕಾಲಿನ ತುಸು ಕೆಳಗೆ ಎಲುಬು ಬಿರುಕು ಬಿಡುವುದು ವೈದ್ಯರಿಗೆ ಎಷ್ಟು ಪರಿಚಿತವೆಂದರೆ, ಅದಕ್ಕೆ ಟ್ರ್ಯಾಂಪೊಲಿನ್ ಮುರಿತ ಎಂದೇ ಹೆಸರಿದೆ. ಮಗು ಹೊರಕ್ಕೆ ಬಿದ್ದಿರುವುದಿಲ್ಲ, ಪಲ್ಟಿ ಹೊಡೆದಿರುವುದಿಲ್ಲ. ಬಲೆಯೊಳಗೆ, ಅಪ್ಪನ ಕಣ್ಣೆದುರಿಗೇ ಇರುತ್ತದೆ. ಆರು ವರ್ಷದೊಳಗಿನ ಮಕ್ಕಳನ್ನು ದೊಡ್ಡ ಟ್ರ್ಯಾಂಪೊಲಿನ್ ಹತ್ತಿಸಬೇಡಿ ಎಂದು ಅಮೆರಿಕದ ಮಾನಕಗಳು ಹೇಳುತ್ತವೆ.

ಇನ್ನು ಇಡುವ ಜಾಗ. ನೆಲದಿಂದ ಸುಮಾರು 7.3 ಮೀಟರ್ ಎತ್ತರದವರೆಗೆ ತಲೆಯ ಮೇಲೆ ಕೊಂಬೆ, ತಂತಿ, ಸಜ್ಜಾ ಏನೂ ಇರಬಾರದು. ಸುತ್ತಲೂ ಎರಡು-ಎರಡೂವರೆ ಮೀಟರ್ ಖಾಲಿ ಬಿಡಬೇಕು. ಮಟ್ಟಸವಾದ ಹುಲ್ಲುನೆಲ ಒಳ್ಳೆಯದು. ತಾರಸಿಯ ಮೇಲೆ ಇಡುವ ಯೋಚನೆಯನ್ನು ಬಿಟ್ಟುಬಿಡಿ: ಕೆಳಗೆ ಕಾಂಕ್ರೀಟು, ಪಕ್ಕದಲ್ಲಿ ಗಿಡ್ಡ ಪ್ಯಾರಾಪೆಟ್, ಮೇಲೆ ಗಾಳಿ. ಗಾಳಿಗೆ ಅದು ಅಗಲವಾದ ರೆಕ್ಕೆಯಾಗುತ್ತದೆ. ಬ್ರಿಟನ್ನಿನಲ್ಲಿ ಬಿರುಗಾಳಿಗೆ ಹಾರಿದ ಟ್ರ್ಯಾಂಪೊಲಿನ್‌ಗಳು ರೈಲುಹಳಿಯ ಮೇಲೆ ಬಿದ್ದು ಸಂಚಾರ ನಿಲ್ಲಿಸಿದ್ದುಂಟು. ಅವನ್ನು ನೆಲಕ್ಕೆ ಬಿಗಿಯಿರಿ ಎಂದು ರೈಲ್ವೆಯವರು ಅಲ್ಲಿ ಮತ್ತೆ ಮತ್ತೆ ಕೇಳಿಕೊಳ್ಳುತ್ತಾರೆ. ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ ಇರುವ ಕಡೆ ಕೊಳವೆಗೆ ಒಳಗೂ ಹೊರಗೂ ಸತುವಿನ ಲೇಪ ಬೇಕು. ಬಯಲುಸೀಮೆಯ ಬಿಸಿಲು ಹಾಸಿನ ಪಾಲಿಪ್ರೊಪಿಲೀನ್ ಎಳೆಯನ್ನು, ಅಂಚಿನ ಮೆತ್ತೆಯನ್ನು ಪುಡಿ ಮಾಡುತ್ತದೆ. ಇವೆರಡೂ ಬಿಡಿಯಾಗಿ ಸಿಗುತ್ತವೆಯೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳಿ.

ಮಕ್ಕಳು ಇಬ್ಬರಿದ್ದಾರೆ, ಆದ್ದರಿಂದ ದೊಡ್ಡದನ್ನೇ ತರೋಣ ಎನ್ನುವವರು ಒಂದು ಸಂಗತಿ ಗಮನಿಸಬೇಕು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೋಡಿ ಜಿಗಿತದ ಸ್ಪರ್ಧೆಯಿದೆ. ವರ್ಷಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದ ಇಬ್ಬರು ಪಟುಗಳು ಒಂದೇ ಕ್ಷಣಕ್ಕೆ ಹಾರಿ ಒಂದೇ ಕ್ಷಣಕ್ಕೆ ಇಳಿಯಬೇಕು. ಅವರಿಗೂ ಒಂದೇ ಟ್ರ್ಯಾಂಪೊಲಿನ್ ಕೊಡುವುದಿಲ್ಲ. ಪಕ್ಕಪಕ್ಕದಲ್ಲಿ ಎರಡು ಇಟ್ಟಿರುತ್ತಾರೆ. ಮನೆಗೆ ಎರಡು ತರಬೇಕಿಲ್ಲ. ಹದಿನಾಲ್ಕು ಅಡಿಯ ಬದಲು ಹತ್ತು ಅಡಿಯದು ತಂದು, ಉಳಿದ ಹಣವನ್ನು ಒಳ್ಳೆಯ ಬಲೆಗೆ, ಗಟ್ಟಿ ಫ್ರೇಮಿಗೆ ಹಾಕಿ. ಪಕ್ಕದಲ್ಲಿ ಒಂದು ಬೆಂಚು ಇರಲಿ, ಸರದಿ ಕಾಯುವವರಿಗೆ. ಅಪ್ಪನ ಸರದಿ ಬಂದಾಗ ಮಗಳು ಅಲ್ಲಿ ಕೂತು ಅವನ ಜಿಗಿತ ಎಣಿಸಲಿ.