ಹುಣಸೆ ಹರಾಜು ಮತ್ತು ಗೇಮ್ ಥಿಯರಿ

ಅರ್ಥಶಾಸ್ತ್ರದ ಪದವಿ ತರಗತಿಗೆ ಸೇರಿರುವ ನನ್ನ ತಮ್ಮನ ಮಗಳು ಈಚೆಗೆ ಪುಸ್ತಕವೊಂದನ್ನು ತಂದು, ‘ದೊಡ್ಡಪ್ಪ, ಗೇಮ್ ಥಿಯರಿ ಕಲಿಯಲು ಇದನ್ನು ಓದಬಹುದೇ?’ ಎಂದು ಕೇಳಿದಳು. ಅವಿನಾಶ್ ದೀಕ್ಷಿತ್ ಮತ್ತು ಬ್ಯಾರಿ ನೇಲ್‌ಬಫ್ 2008ರಲ್ಲಿ ಪ್ರಕಟಿಸಿದ ‘ದಿ ಆರ್ಟ್ ಆಫ್ ಸ್ಟ್ರ್ಯಾಟಜಿ’ ಅದು.

ಫಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ 1944ರಲ್ಲಿ ಬುನಾದಿ ಹಾಕಿದ ಈ ಶಾಸ್ತ್ರ, ನಾನು ಎಂ.ಎ. ಓದುವಾಗ ಪಠ್ಯದ ಕೊನೆಯ ಪುಟಗಳಲ್ಲಿತ್ತು. ಪರೀಕ್ಷೆಗೆ ಬಾರದೆಂದು ಅದನ್ನು ಬಿಟ್ಟಿದ್ದೆ. ಆದ್ದರಿಂದ ಪುಸ್ತಕವನ್ನು ಅಳೆಯಲು ನನಗೆ ತೋಚಿದ ಒರೆಗಲ್ಲು ಒಂದೇ: ನನಗೆ ಅರ್ಥವಾಗದೆ ಉಳಿದಿದ್ದ ಹಳೆಯ ಅನುಭವವೊಂದನ್ನು ಅದು ಬಿಡಿಸಿ ತೋರಿಸೀತೇ?

ಎಂಬತ್ತರ ದಶಕದಲ್ಲಿ, ಬಯಲುಸೀಮೆಯ ತಾಲ್ಲೂಕೊಂದರಲ್ಲಿ ಸರ್ಕಾರಿ ಹುಣಸೆಮರಗಳ ಫಸಲನ್ನು ಹರಾಜು ಮಾಡಿಸುವ ಹೊಣೆ ನನ್ನದಾಗಿತ್ತು. ಎಲ್ಲರೆದುರು ಕೂಗುವ ಬಹಿರಂಗ ಹರಾಜಾದ್ದರಿಂದ ಮೋಸಕ್ಕೆ ಎಡೆಯಿಲ್ಲವೆಂದು ನಂಬಿದ್ದೆ. ಆದರೆ ಐದಾರು ಮಂದಿ ವ್ಯಾಪಾರಿಗಳು ಮೊದಲೇ ಮಾತಾಡಿಕೊಂಡು ಬರುತ್ತಿದ್ದರು. ಒಬ್ಬ ಸರ್ಕಾರಿ ಸವಾಲಿಗಿಂತ ತುಸು ಹೆಚ್ಚು ಕೂಗಿದರೆ ಉಳಿದವರು ಮೌನ. ನಷ್ಟ ಖಜಾನೆಗೆ. ಅದು ಜನರ ಅಪ್ರಾಮಾಣಿಕತೆಯೆಂದು ಕಡತದಲ್ಲಿ ಬರೆದು ಕೈತೊಳೆದುಕೊಂಡೆ.

ಹುಣಸೆಯ ಮಾತು ಪುಸ್ತಕದಲ್ಲಿಲ್ಲ. ಆದರೆ ಎದುರಿನವನ ಜಾಗದಲ್ಲಿ ನಿಂತು ಯೋಚಿಸುವ ಕ್ರಮವನ್ನು ಅದು ಕಲಿಸುತ್ತದೆ. ಕೂಟದಲ್ಲೊಬ್ಬ ಮಾತು ತಪ್ಪಿದರೆ ಅವನಿಗೇನು ಲಾಭ? ಬಹಿರಂಗ ಹರಾಜಿನಲ್ಲಿ ಏನೂ ಇಲ್ಲ. ಅವನು ಬಾಯಿ ತೆರೆದೊಡನೆ ಉಳಿದವರು ಬೆಲೆ ಏರಿಸುತ್ತಾರೆ. ಮೊಹರು ಮಾಡಿದ ಲಕೋಟೆಯಲ್ಲಾದರೋ, ಗುಟ್ಟಾಗಿ ಹೆಚ್ಚು ಬರೆದು ಫಸಲನ್ನು ತನ್ನದಾಗಿಸಿಕೊಳ್ಳಬಹುದು. ಪ್ರತಿಯೊಬ್ಬನಿಗೂ ಇದೇ ಆಸೆ, ಉಳಿದವರ ಬಗ್ಗೆ ಇದೇ ಶಂಕೆ. ‘ಕೈದಿಗಳ ಇಕ್ಕಟ್ಟು’ ಎಂಬ ಪ್ರಸಿದ್ಧ ದೃಷ್ಟಾಂತದ ತಿರುಳೂ ಇದೇ. ಪಾರದರ್ಶಕವೆಂದು ನಾನು ಹೆಮ್ಮೆಪಟ್ಟ ನಿಯಮವೇ ಆ ಕೂಟವನ್ನು ಕಾಯುತ್ತಿತ್ತು!

ಕೊರತೆಗಳೂ ಇವೆ. ಅಮೆರಿಕದ ಫುಟ್‌ಬಾಲ್, ಟಿ.ವಿ. ಸ್ಪರ್ಧೆಗಳ ಉದಾಹರಣೆಗಳು ನಮ್ಮವರಿಗೆ ಅಪರಿಚಿತ. ವ್ಯವಹಾರ ಮತ್ತು ಬದುಕಿನಲ್ಲಿ ಯಶಸ್ಸಿಗೆ ಕೈಪಿಡಿ ಎಂಬ ಉಪಶೀರ್ಷಿಕೆಯಂತೂ ಅತಿಯಾಯಿತು. ಲಕೋಟೆಯೂ ರಾಮಬಾಣವಲ್ಲ. ಮರುವರ್ಷವೂ ಅದೇ ಊರು, ಅದೇ ವ್ಯಾಪಾರಿಗಳು. ಮಾತು ತಪ್ಪಿದವನಿಗೆ ಅವರ ಶಿಕ್ಷೆ ಕಾದಿರುತ್ತದೆ. ಅದೇ ಮುಖಗಳು ಮತ್ತೆ ಮತ್ತೆ ಎದುರಾಗುವುದು ಸಹಕಾರಕ್ಕೂ ಆಧಾರವಾಗಬಲ್ಲದು. ನೀರಾವರಿಯ ನೀರನ್ನು ಸಮುದಾಯಗಳು ತಾವೇ ನಿಯಮ ಕಟ್ಟಿಕೊಂಡು ಹಂಚಿಕೊಳ್ಳುವ ಬಗೆಯನ್ನು ಎಲಿನಾರ್ ಆಸ್ಟ್ರಂ 1990ರ ತಮ್ಮ ಕೃತಿಯಲ್ಲಿ ವಿವರಿಸಿದ್ದಾರೆ. 2009ರಲ್ಲಿ ಅವರಿಗೆ ನೊಬೆಲ್ ಸಂದಿತು. ದೀಕ್ಷಿತರ ಬಳಿಕ ಅವರನ್ನೂ ಓದಬೇಕು.

‘ಖಂಡಿತ ಓದು, ಆದರೆ ಗೆಲ್ಲುವ ವಿದ್ಯೆಯೆಂದು ಓದಬೇಡ’ ಎಂದು ಅವಳಿಗೆ ಹೇಳಿದೆ. ಕೆಟ್ಟ ಫಲ ಕಂಡಾಗ ಜನರನ್ನು ಶಪಿಸುವ ಮೊದಲು ನಿಯಮವನ್ನು ಪರೀಕ್ಷಿಸುವ ಅಭ್ಯಾಸ ಬಂದರೆ ಈ ಓದು ಸಾರ್ಥಕ. ನಿಯಮ ರೂಪಿಸುವ ಕುರ್ಚಿಯಲ್ಲಿದ್ದಾಗ ನನಗೆ ಆ ಅಭ್ಯಾಸವಿರಲಿಲ್ಲ.