ಚಳಿನಾಡಿನ ಬಯಲಿನಲ್ಲಿ ಸಾಕುಹಕ್ಕಿಗಳ ಪೋಷಣೆ

ಚಳಿಗಾಲದಲ್ಲಿ ಕೊಳದ ನೀರು ಕಲ್ಲಿನಂತೆ ಹೆಪ್ಪುಗಟ್ಟುವ ದೇಶಗಳಲ್ಲಿ ಉಷ್ಣಪ್ರದೇಶದ ಹಕ್ಕಿಗಳನ್ನು ಸಾಕುವವರು ಅವುಗಳನ್ನು ಮನೆಯೊಳಗೆ ಬೆಂಕಿಯ ಸಮೀಪದಲ್ಲಿಯೇ ಇರಿಸಿಕೊಳ್ಳಬೇಕೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಇಂಗ್ಲೆಂಡ್, ಹಾಲೆಂಡ್, ಜರ್ಮನಿ ಮೊದಲಾದ ದೇಶಗಳ ಪಕ್ಷಿಪ್ರಿಯರ ಅನುಭವವು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾಗಿದೆ. ಅಲ್ಲಿ ತೋಟದ ಒಂದು ಮೂಲೆಯಲ್ಲಿ ತಂತಿಬಲೆಯ ಪಕ್ಷಿಶಾಲೆಯನ್ನು ಕಟ್ಟಿ, ಗಿಳಿ, ಕೆನರಿ, ಬಜರಿಗರ್ ಮುಂತಾದ ಹಕ್ಕಿಗಳನ್ನು ವರ್ಷದ ಹನ್ನೆರಡು ತಿಂಗಳೂ ಹೊರಗೆ ಇಟ್ಟು ಸಾಕುವವರು ಬಹು ಮಂದಿ ಇರುವರು. ಇಂಗ್ಲೆಂಡಿನಲ್ಲಿ ಇಂಥವರ ಸಂಘವೊಂದು 1894ರಷ್ಟು ಹಿಂದೆಯೇ ಸ್ಥಾಪಿತವಾಯಿತು. ಇವರು ಕಂಡುಕೊಂಡ ಮುಖ್ಯ ವಿಷಯವೇನೆಂದರೆ, ಒಣ ಚಳಿಯೊಂದರಿಂದಲೇ ಸಾಯುವ ಹಕ್ಕಿಗಳು ಕಡಮೆ. ತೇವ, ಸಂದುಗಳಿಂದ ನುಗ್ಗುವ ಗಾಳಿ ಮತ್ತು ದೀರ್ಘರಾತ್ರಿಯ ಹಸಿವು ಈ ಮೂರರಿಂದ ಸಾಯುವುವೇ ಹೆಚ್ಚು. ನಮ್ಮ ನಾಡಿನಲ್ಲಿ ಅಂಥ ಚಳಿಯಿಲ್ಲದಿದ್ದರೂ, ಅಲ್ಲಿ ಚಳಿಯನ್ನು ತಡೆದು ಬದುಕಿರುವ ಹಕ್ಕಿಗಳಲ್ಲಿ ನಮ್ಮ ಗಿಳಿಯೂ ಒಂದಾಗಿರುವುದರಿಂದಲೂ, ಆ ಹಕ್ಕಿಗಳು ತಿನ್ನುವ ಕಾಳುಗಳು ನಮ್ಮ ಹೊಲಗಳಲ್ಲಿ ಬೆಳೆಯತಕ್ಕವೇ ಆಗಿರುವುದರಿಂದಲೂ ಈ ವಿಷಯವು ಜಮೀನುದಾರರ ಗಮನಕ್ಕೆ ಅರ್ಹವಾಗಿದೆ.

ಮೊದಲು ಗಿಳಿಯ ವಿಚಾರ. ಕೊರಳಿನಲ್ಲಿ ಗುಲಾಬಿ ಪಟ್ಟಿಯುಳ್ಳ, ನಮ್ಮ ಜೋಳದ ತೆನೆಗಳನ್ನು ಹಾಳುಮಾಡುವ ಈ ಹಸುರು ಗಿಳಿಯು ಪಂಜರದಿಂದ ತಪ್ಪಿಸಿಕೊಂಡು ಇಂಗ್ಲೆಂಡಿನ ನಾರ್‌ಫೋಕ್ ಪ್ರಾಂತದಲ್ಲಿ 1855ರಲ್ಲಿಯೇ ಕಾಣಿಸಿಕೊಂಡಿತ್ತು. 1969ರಲ್ಲಿ ಕೆಂಟ್ ಪ್ರಾಂತದಲ್ಲಿ ಮರಿಮಾಡಿದುದು ದಾಖಲೆಯಾಯಿತು. ಈಗ ಲಂಡನ್ ನಗರದ ಉದ್ಯಾನಗಳಲ್ಲಿ ಇವು ಸಾವಿರಗಟ್ಟಲೆಯಾಗಿ ಹಾರಾಡುತ್ತಿವೆ. ಯೂರೋಪಿನ ಈ ಗಿಳಿಗಳ ವಂಶಲಕ್ಷಣಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಶೋಧನೆಯಿಂದ, ಅವು ಬಹುಪಾಲು ಪಾಕಿಸ್ತಾನ ಹಾಗೂ ಉತ್ತರ ಭಾರತದ ತಳಿಗೆ ಸೇರಿದುವೆಂದು ತಿಳಿದುಬಂದಿದೆ. ಉತ್ತರದ ಚಳಿಯನ್ನು ಕಂಡ ತಳಿಯಾದುದರಿಂದ ಅಲ್ಲಿ ನೆಲೆಗೊಳ್ಳುವುದು ಸುಲಭವಾಯಿತೆಂದು ಊಹಿಸಬಹುದು. ಆದರೆ ಇದೆಲ್ಲವೂ ಹಕ್ಕಿಯ ಗಟ್ಟಿತನದಿಂದಲೇ ಆಯಿತೆಂದು ಹೇಳಲಾಗದು. ಅಲ್ಲಿಯ ಜನರು ಚಳಿಗಾಲದಲ್ಲಿ ತಮ್ಮ ಕೈತೋಟಗಳಲ್ಲಿ ಹಕ್ಕಿಗಳಿಗಾಗಿ ಕಾಳುಬುಟ್ಟಿಗಳನ್ನು ತೂಗುಹಾಕುವ ಪದ್ಧತಿಯನ್ನು ಇಟ್ಟುಕೊಂಡಿರುವರು. ಅಮೆರಿಕಾದ ಷಿಕಾಗೋ ನಗರದಲ್ಲಿ 1973ರಿಂದ ಕಡ್ಡಿಗೂಡುಗಳನ್ನು ಕಟ್ಟಿಕೊಂಡಿರುವ ದಕ್ಷಿಣ ಅಮೆರಿಕಾದ ಇನ್ನೊಂದು ಜಾತಿಯ ಗಿಳಿಗಳು ಅಲ್ಲಿಯ ಘೋರವಾದ ಚಳಿಯನ್ನು ದಾಟುವುದು ಇಂಥ ಬುಟ್ಟಿಗಳ ಆಹಾರದಿಂದಲೂ, ವರ್ಷವೆಲ್ಲ ಆ ದಪ್ಪ ಗೂಡುಗಳ ಒಳಗೇ ಮಲಗುವ ಅಭ್ಯಾಸದಿಂದಲೂ ಎಂಬುದು ಪರಿಶೀಲನೆಯಿಂದ ಗೊತ್ತಾಗಿದೆ. ಹೊಟ್ಟೆಗೆ ಕಾಳು, ಮೈಗೆ ಗೂಡು ಇವೆರಡು ದೊರೆತರೆ ಹಿಮವನ್ನೂ ತಡೆದುಕೊಳ್ಳಬಹುದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ನಮ್ಮ ದೇಶದಲ್ಲಿ ಈ ಗಿಳಿಯನ್ನಾಗಲಿ, ಮುನಿಯ, ರಾಟವಾಳ ಮೊದಲಾದ ನಾಡಹಕ್ಕಿಗಳನ್ನಾಗಲಿ ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿಗೆ ವಿರುದ್ಧವಾದುದು. ಸಂತೆಗಳಲ್ಲಿ ಗಿಳಿಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುವುದು ಕಂಡುಬಂದಲ್ಲಿ ಊರಿನ ಮುಖಂಡರು ಅದನ್ನು ಉಪೇಕ್ಷಿಸದೆ ಅರಣ್ಯಾಧಿಕಾರಿಗಳಿಗೆ ತಿಳಿಸತಕ್ಕದ್ದು. ಕೆಳಗೆ ಹೇಳುವ ಸಾಕಣೆಯ ಕ್ರಮವೆಲ್ಲವೂ ಶೀತದೇಶಗಳಲ್ಲಿ, ಪಂಜರದಲ್ಲಿಯೇ ಹುಟ್ಟಿ ಬೆಳೆದ ಹಕ್ಕಿಗಳಿಗೆ ಸಂಬಂಧಿಸಿದುದು.

ಹಕ್ಕಿಯ ಮೈಶಾಖವು ಸುಮಾರು 40ರಿಂದ 42 ಡಿಗ್ರಿ ಸೆಂಟಿಗ್ರೇಡಿನಷ್ಟಿರುತ್ತದೆ. ಹೊರಗೆ ಸೊನ್ನೆ ಡಿಗ್ರಿಯಿರುವಾಗ ಈ ಶಾಖವನ್ನು ಕಾಪಾಡುವುದು ಗರಿಗಳ ಕೆಲಸ. ಗರಿಗಳನ್ನು ಉಬ್ಬಿಸಿದಾಗ ಅವುಗಳ ನಡುವೆ ನಿಲ್ಲುವ ಗಾಳಿಯೇ ಹಕ್ಕಿಗೆ ಕಂಬಳಿಯಾಗುತ್ತದೆ. ಗರಿಗಳು ನೆನೆದರೆ ಈ ಗಾಳಿ ಉಳಿಯದು. ಬಲವಾದ ಗಾಳಿ ಬೀಸಿ ಗರಿಗಳನ್ನು ಕೆದಕಿದರೂ ಉಳಿಯದು. ಆದಕಾರಣ ಮಂಜುಗಡ್ಡೆ ಕಟ್ಟಿದ ಆದರೆ ನಿಶ್ಚಲವಾದ ರಾತ್ರಿಯಲ್ಲಿ ಸುಖವಾಗಿ ನಿದ್ರಿಸುವ ಹಕ್ಕಿಯು, ಅದಕ್ಕಿಂತ ಬೆಚ್ಚಗಿನ ಮಳೆಗಾಳಿಯ ರಾತ್ರಿಯಲ್ಲಿ ಸತ್ತುಹೋಗುವುದುಂಟು. ಕಾಲುಗಳಿಗೆ ಗರಿಯಿಲ್ಲ. ಆದರೆ ಕಾಲಿಗೆ ಇಳಿಯುವ ಬಿಸಿರಕ್ತದ ನಾಳವೂ ಮೇಲೇರುವ ತಣ್ಣನೆಯ ರಕ್ತದ ನಾಳವೂ ಒತ್ತಾಗಿ ಇರುವುದರಿಂದ, ಶಾಖವು ಪಾದದವರೆಗೆ ಹೋಗಿ ವ್ಯರ್ಥವಾಗದೆ ದಾರಿಯಲ್ಲಿಯೇ ಹಿಂದಿರುಗುತ್ತದೆ. ನಮ್ಮ ಗಿಳಿಯ ಜಾತಿಗೆ ಮಾತ್ರ ಈ ಏರ್ಪಾಟು ಸಾಲದೆ, ಕಠಿಣವಾದ ಹಿಮದಲ್ಲಿ ಅದರ ಬೆರಳುಗಳು ಸೆಡೆತು ಕಪ್ಪಾಗಿ ಉದುರಿಹೋಗುವುದುಂಟು. ಲೋಹದ ಸರಳುಗಳ ಮೇಲೆಯೂ ಬರಿಯ ತಂತಿಬಲೆಯ ಮೇಲೆಯೂ ಜೋತುಬಿದ್ದು ರಾತ್ರಿಯನ್ನು ಕಳೆಯುವ ಗಿಳಿಗಳಿಗೆ ಇದು ವಿಶೇಷವಾಗಿ ಆಗುತ್ತದೆ. ಇದಕ್ಕೆ ಪರಿಹಾರವಾಗಿ ಎರಡು ಅಂಗುಲ ಅಗಲದ ಚಪ್ಪಟೆಯಾದ ಮರದ ಪಟ್ಟಿಯನ್ನು ಅಡ್ಡಗೋಲಾಗಿ ಹಾಕುವರು. ಅದರ ಮೇಲೆ ಕುಳಿತ ಹಕ್ಕಿಯ ಎದೆಯ ಗರಿಗಳು ಬೆರಳುಗಳನ್ನು ಪೂರ್ತಿಯಾಗಿ ಮುಚ್ಚುವುವು. ಒಳಗೆ ಮಲಗಲು ಮರದ ಪೆಟ್ಟಿಗೆಯಿದ್ದರೆ ಇನ್ನೂ ಉತ್ತಮ.

ಚಳಿಗಿಂತ ಮಿಗಿಲಾದ ಶತ್ರು ರಾತ್ರಿಯ ದೀರ್ಘತೆ. ಬೆಂಗಳೂರಿನಲ್ಲಿ ವರ್ಷದ ಅತ್ಯಂತ ಕಿರಿದಾದ ಹಗಲು ಸಹ 11 ಗಂಟೆಗೆ ಮೇಲ್ಪಟ್ಟಿರುತ್ತದೆ. ಲಂಡನ್ನಿನಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಅದು 8 ಗಂಟೆಗೂ ಕಡಮೆ. ಕತ್ತಲೆಯಲ್ಲಿ ಈ ಹಕ್ಕಿಗಳು ತಿನ್ನಲಾರವು. ಹೀಗಿರುವಲ್ಲಿ 8 ಗಂಟೆಯ ಹಗಲಿನಲ್ಲಿ ತಿಂದುದರಿಂದ 16 ಗಂಟೆಯ ರಾತ್ರಿಯನ್ನು ಕಳೆಯಬೇಕು. ದೊಡ್ಡ ಹಕ್ಕಿಗೆ ಇದು ಸಾಧ್ಯ. ಸಣ್ಣ ಹಕ್ಕಿಗೆ ಮೈತೂಕಕ್ಕೆ ಹೋಲಿಸಿದರೆ ಮೈಯ ಹೊರಭಾಗವೇ ಅಧಿಕವಾಗಿರುವುದರಿಂದ ಶಾಖವು ಬೇಗನೆ ಸೋರಿಹೋಗುತ್ತದೆ. ಕೂಡಿಟ್ಟ ಕೊಬ್ಬೂ ಅತ್ಯಲ್ಪ. 1962-63ರ ಚಳಿಗಾಲದಲ್ಲಿ ಇಂಗ್ಲೆಂಡಿನ ಮಧ್ಯಭಾಗದ ಜನವರಿಯ ಸರಾಸರಿ ಉಷ್ಣತೆಯು ಸೊನ್ನೆಗಿಂತ 2 ಡಿಗ್ರಿಯಷ್ಟು ಕೆಳಗಿಳಿದಾಗ, ಆ ದೇಶದ್ದೇ ಆದ ರೆನ್ ಎಂಬ ಪುಟ್ಟ ಕಾಡುಹಕ್ಕಿಗಳು ಅಪಾರ ಸಂಖ್ಯೆಯಲ್ಲಿ ನಾಶವಾದುವು. ಸುಮಾರು 10 ಗ್ರಾಂ ತೂಗುವ ಈ ಹಕ್ಕಿಗಳು ಚಳಿ ಮಿತಿಮೀರಿದಾಗ ಒಂದರ ಮೇಲೊಂದು ಒತ್ತಿಕೊಂಡು ಮಲಗುವುವು; 1969ರಲ್ಲಿ ನಾರ್‌ಫೋಕಿನ ಒಂದೇ ಗೂಡುಪೆಟ್ಟಿಗೆಯಲ್ಲಿ 60ಕ್ಕೂ ಮೇಲ್ಪಟ್ಟು ರೆನ್‌ಗಳು ಸೇರಿದ್ದುವು. ನಾಡಿನ ಹಕ್ಕಿಗೇ ಈ ಗತಿಯಾದರೆ, ಅದೇ ತೂಕದ ನಮ್ಮ ಕೆಂಪು ರಾಟವಾಳಕ್ಕೆ ಆ ದೇಶದ ಚಳಿಗಾಲವು ಎಷ್ಟು ಕಷ್ಟವೆಂಬುದನ್ನು ವಾಚಕರು ಊಹಿಸಬಹುದು. ಒಂದು ಕಾಲದಲ್ಲಿ ಅಹಮದಾಬಾದಿನಿಂದ ಹಡಗಿನಲ್ಲಿ ಹೋಗುತ್ತಿದ್ದುದರಿಂದ ಈ ರಾಟವಾಳಕ್ಕೆ ಇಂಗ್ಲಿಷಿನಲ್ಲಿ ಆ ಊರಿನ ಹೆಸರೇ ಅಪಭ್ರಂಶವಾಗಿ ಉಳಿದುಕೊಂಡಿದೆ. ಇಂಥ ಸಣ್ಣ ಹಕ್ಕಿಗಳನ್ನು ಅಕ್ಟೋಬರಿನಲ್ಲಿಯೇ ಶಾಖವಿರುವ ಕೊಠಡಿಗೆ ಸೇರಿಸಿ, ವಿದ್ಯುದ್ದೀಪದಿಂದ ಹಗಲನ್ನು 12 ಗಂಟೆಯಾದರೂ ಆಗುವಂತೆ ಬೆಳೆಸಬೇಕು. ದೀಪವನ್ನು ಒಮ್ಮೆಗೇ ಆರಿಸಿದರೆ ಹಕ್ಕಿಗಳು ನೆಲದಲ್ಲಿಯೋ ಬಲೆಯ ಮೇಲೆಯೋ ಸಿಕ್ಕಿಬಿದ್ದು, ಮಲಗುವ ಸ್ಥಳವನ್ನು ಕಾಣದೆ ಹೋಗುವುವಾದುದರಿಂದ, ಸಂಜೆಗತ್ತಲಂತೆ ಕ್ರಮವಾಗಿ ಮಂಕಾಗುವ ದೀಪವನ್ನೇ ಉಪಯೋಗಿಸುವರು.

ಇದಕ್ಕೆ ಪ್ರತಿಯಾಗಿ ಬಜರಿಗರ್ ಎಂಬ ಆಸ್ಟ್ರೇಲಿಯಾದ ಸಣ್ಣ ಗಿಳಿಯು ಶೀತವನ್ನು ಚೆನ್ನಾಗಿ ತಡೆಯುತ್ತದೆ. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು ಇವುಗಳನ್ನು ಜೀವಸಹಿತವಾಗಿ ಇಂಗ್ಲೆಂಡಿಗೆ ತಂದನು. ಆ ಖಂಡದ ಒಳನಾಡಿನ ಮರುಭೂಮಿಯಲ್ಲಿ ಹಗಲು ಉರಿಬಿಸಿಲಿದ್ದರೂ ಚಳಿಗಾಲದ ರಾತ್ರಿಗಳು ಕೊರೆಯುವುದರಿಂದ, ಅವುಗಳಿಗೆ ಒಣ ಚಳಿಯ ಅಭ್ಯಾಸ ಮೊದಲಿನಿಂದಲೂ ಉಂಟು. ವೊಬರ್ನ್ ಎಂಬಲ್ಲಿಯ ಜಹಗೀರುದಾರನೂ ಗಿಳಿಗಳ ವಿಷಯದಲ್ಲಿ 1929ರಲ್ಲಿ ಗ್ರಂಥವನ್ನು ಪ್ರಕಟಿಸಿದವನೂ ಆದ ಬೆಡ್‌ಫರ್ಡಿನ ಹನ್ನೆರಡನೆಯ ಡ್ಯೂಕನು ಬಜರಿಗರ್‌ಗಳನ್ನು ಹಗಲು ಸ್ವೇಚ್ಛೆಯಾಗಿ ಹಾರಲು ಬಿಟ್ಟು, ಕಾಳಿಗೂ ನಿದ್ರೆಗೂ ತಾವಾಗಿಯೇ ಶಾಲೆಗೆ ಹಿಂದಿರುಗುವಂತೆ ಪಳಗಿಸಿದ್ದನು.

ಪಕ್ಷಿಶಾಲೆಯ ರಚನೆಯಲ್ಲಿ ಎರಡು ಭಾಗಗಳಿರಬೇಕು: ತಂತಿಬಲೆಯ ಹಾರಾಟದ ಅಂಗಳವೊಂದು, ಹಲಗೆ ಅಥವಾ ಇಟ್ಟಿಗೆಯ ಮಲಗುವ ಮನೆಯೊಂದು. ಅಂಗಳವು ದಕ್ಷಿಣ ಅಥವಾ ಆಗ್ನೇಯಕ್ಕೆ ಮುಖವಾಗಿರಬೇಕು; ಉತ್ತರದ ಮತ್ತು ಪೂರ್ವದ ಗಾಳಿಗೆ ಮರೆಯಿರಬೇಕು. ಮಲಗುವ ಮನೆಯಲ್ಲಿ ಅಡ್ಡಗೋಲುಗಳನ್ನು ಅಂಗಳದ ಗೋಲುಗಳಿಗಿಂತ ಎತ್ತರದಲ್ಲಿ ಹಾಕುವುದು ಬಹು ಮುಖ್ಯ. ಕತ್ತಲಾದಾಗ ಅತ್ಯಂತ ಎತ್ತರದ ಸ್ಥಳವನ್ನು ಹುಡುಕುವುದು ಹಕ್ಕಿಯ ಸ್ವಭಾವವಾದುದರಿಂದ ಅವು ತಾವಾಗಿಯೇ ಒಳಗೆ ಸೇರುವುವು. ಆ ಮನೆಯು ಕತ್ತಲೆಯ ಗವಿಯಂತಿದ್ದರೆ ಒಳಗೆ ಕಾಲಿಡವು. ಆದುದರಿಂದ ಗಾಜಿನ ಕಿಟಕಿಯೊಂದನ್ನು ಇಟ್ಟು, ಹಕ್ಕಿಗಳು ಅದಕ್ಕೆ ಬಡಿದುಕೊಳ್ಳದಂತೆ ಒಳಗಡೆ ಬಲೆಯನ್ನು ಹೊಡೆಯತಕ್ಕದ್ದು. ಗೋಲಿನ ಮಟ್ಟದಲ್ಲಿ ಎದುರುಬದುರಾಗಿ ಸಂದುಗಳಿರಕೂಡದು. ಹಾಗೆಂದು ಎಲ್ಲವನ್ನೂ ಬಿಗಿಯಾಗಿ ಮುಚ್ಚುವುದೂ ತಪ್ಪು. ಹಕ್ಕಿಗಳ ಉಸಿರಿನ ಹಬೆಯು ಗೋಡೆಗಳ ಮೇಲೆ ನೀರಾಗಿ ಇಳಿದು ಬೂಷ್ಟು ಹಿಡಿಯುತ್ತದೆ. ಅದರಿಂದ ಶ್ವಾಸಕೋಶದ ರೋಗಗಳು ಬರುವುವು. ಸೂರಿನ ಕೆಳಗೆ, ಹಕ್ಕಿಗಳ ತಲೆಗಿಂತ ಮೇಲೆ, ಗಾಳಿಯಾಡಲು ಸ್ಥಳ ಬಿಡಬೇಕು. ನಮ್ಮಲ್ಲಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಕೋಳಿಮನೆಗಳ ಪಕ್ಕದ ಪರದೆಗಳನ್ನು ರಾತ್ರಿಯೆಲ್ಲ ಪೂರ್ತಿಯಾಗಿ ಇಳಿಸಿಬಿಡುವ ರೈತರು ಬೆಳಿಗ್ಗೆ ಕಣ್ಣುರಿಸುವ ಅಮೋನಿಯಾ ವಾಸನೆಯನ್ನು ಕಾಣುವುದೂ ಈ ಕಾರಣದಿಂದಲೇ. ಪರದೆಯ ಮೇಲ್ಭಾಗದಲ್ಲಿ ಒಂದು ಅಡಿಯಷ್ಟನ್ನು ತೆರೆದಿಟ್ಟರೆ ಕೋಳಿಗಳಿಗೆ ಚಳಿಯಾಗದು, ಕಣ್ಣುಬೇನೆಯೂ ಬಾರದು.

ಅಂಗಳದ ಮೇಲ್ಭಾಗವನ್ನು ಬಲೆಯೊಂದರಿಂದಲೇ ಮುಚ್ಚದೆ ತಗಡು ಅಥವಾ ಪಾರದರ್ಶಕ ಹಾಳೆಯಿಂದ ಮುಚ್ಚುವುದು ಈಗ ರೂಢಿಯಾಗಿದೆ. ಮಳೆ ಬೀಳದು, ಹಿಮದ ಭಾರಕ್ಕೆ ಬಲೆ ಕುಸಿಯದು, ಕಾಡುಹಕ್ಕಿಗಳ ಹಿಕ್ಕೆ ಒಳಗೆ ಬೀಳದು. ಹಕ್ಕಿಜ್ವರದ ಹಾವಳಿಯಿಂದ 2022ರ ನವೆಂಬರಿನಲ್ಲಿ ಇಂಗ್ಲೆಂಡಿನ ಸರ್ಕಾರವು ಕೋಳಿಗಳನ್ನೂ ಇತರ ಸಾಕುಹಕ್ಕಿಗಳನ್ನೂ ಕಾಡುಹಕ್ಕಿಗಳ ಸಂಪರ್ಕವಿಲ್ಲದಂತೆ ಮುಚ್ಚಿದ ಸ್ಥಳದಲ್ಲಿಡಬೇಕೆಂದು ಆಜ್ಞೆ ಹೊರಡಿಸಿದಾಗ, ಇಂಥ ಮಾಡು ಮೊದಲೇ ಇದ್ದವರಿಗೆ ಕಷ್ಟವಾಗಲಿಲ್ಲ. ಬಲೆಯ ಕಣ್ಣು ಅರ್ಧ ಅಂಗುಲಕ್ಕೆ ಮೀರಿರಬಾರದು. ಚಳಿಗಾಲದಲ್ಲಿ ಇಲಿಗಳು ಕಾಳಿಗಾಗಿ ನುಗ್ಗುವುವು. ಬೆಕ್ಕು, ಗೂಬೆಗಳು ರಾತ್ರಿಯಲ್ಲಿ ಬಲೆಯ ಮೇಲೆ ಎರಗಿ ಹೆದರಿಸಿದರೆ, ಬೆದರಿದ ಹಕ್ಕಿಗಳು ಕತ್ತಲೆಯಲ್ಲಿ ಗೋಲನ್ನು ಬಿಟ್ಟುಹಾರಿ, ಮತ್ತೆ ದಾರಿ ಕಾಣದೆ ತಣ್ಣನೆಯ ನೆಲದಲ್ಲಿ ಬೆಳಗಾಗುವಷ್ಟರಲ್ಲಿ ಸತ್ತಿರುವುವು. ಸಂಜೆ ಎಲ್ಲ ಹಕ್ಕಿಗಳೂ ಒಳಗೆ ಸೇರಿದ ಮೇಲೆ ಬಾಗಿಲನ್ನು ಮುಚ್ಚುವುದೇ ಇದಕ್ಕೆ ಸುಲಭವಾದ ಪರಿಹಾರ. ಸತುವಿನ ಲೇಪವುಳ್ಳ ಹೊಸ ತಂತಿಯನ್ನು ಗಿಳಿಗಳು ಕಡಿದು ವಿಷವೇರಿಸಿಕೊಳ್ಳುವುದರಿಂದ, ಮೊದಲು ಅದನ್ನು ವಿನೆಗರಿನಿಂದ ಉಜ್ಜಿ ತೊಳೆಯಬೇಕು.

ಶಾಖವನ್ನು ಕೊಡುವವರು ಮಿತಿಯಲ್ಲಿ ಕೊಡತಕ್ಕದ್ದು. ಒಳಗೆ ಬಿಸಿ, ಹೊರಗೆ ಹಿಮ ಹೀಗೆ ದಿನಕ್ಕೆ ಹತ್ತು ಸಲ ಓಡಾಡುವ ಹಕ್ಕಿಗೆ ದಟ್ಟವಾದ ಗರಿ ಬೆಳೆಯದು. ಗಟ್ಟಿ ಜಾತಿಗಳಿಗೆ ನೀರು ಹೆಪ್ಪುಗಟ್ಟದಷ್ಟು ಉಷ್ಣತೆಯಿದ್ದರೆ ಸಾಕು. ಸೀಮೆಎಣ್ಣೆಯ ಒಲೆಯನ್ನು ಮುಚ್ಚಿದ ಮನೆಯಲ್ಲಿಡುವುದು ಅಪಾಯಕರ. ಅದರ ವಿಷಾನಿಲವು ಮನುಷ್ಯರಿಗಿಂತ ಮೊದಲು ಹಕ್ಕಿಗಳನ್ನು ಕೊಲ್ಲುವುದು. ಅಂಟದ ಲೇಪವುಳ್ಳ ಶಾಖದೀಪಗಳೂ ಅತಿಯಾಗಿ ಕಾದಾಗ ಹಾಗೆಯೇ.

ಆಹಾರದಲ್ಲಿ ನಮ್ಮ ರೈತರಿಗೆ ಪರಿಚಿತವಾದ ಹೆಸರುಗಳೇ ಬರುವುವು. ಬಜರಿಗರ್‌ಗಳ ದಿನನಿತ್ಯದ ಕಾಳೆಂದರೆ ಬರಗು ಮತ್ತು ಕೆನರಿ ಕಾಳು. ನವಣೆಯ ತೆನೆಗಳನ್ನು ಇಡಿಯಾಗಿಯೇ ಕಟ್ಟಿ ತೂಗುಹಾಕುವುದು ಅವುಗಳಿಗೆ ಹಬ್ಬ. ಚಳಿಗಾಲದಲ್ಲಿ ಇದಕ್ಕೆ ಎಣ್ಣೆಕಾಳುಗಳನ್ನು ಸ್ವಲ್ಪ ಸೇರಿಸಬೇಕು: ಗಿಳಿಗಳಿಗೆ ಸೂರ್ಯಕಾಂತಿ, ಕೆನರಿ ಮೊದಲಾದುವುಗಳಿಗೆ ಹುಚ್ಚೆಳ್ಳು. ಸಂಜೆ ಬೆಳಕು ಹೋಗುವುದಕ್ಕೆ ಒಂದು ಗಂಟೆ ಮುಂಚೆ ಕಾಳನ್ನು ಹೊಸದಾಗಿ ಹಾಕಿ, ಕುತ್ತಿಗೆಯ ಆಹಾರಚೀಲವು ತುಂಬಿದ ಮೇಲೆಯೇ ಅವು ಮಲಗುವಂತೆ ಮಾಡತಕ್ಕದ್ದು. ನಮ್ಮಲ್ಲಿ ಬಡಭೂಮಿಯ ಅಂಚುಬೆಳೆಯೆಂದು ಎಣಿಸುವ ಹುಚ್ಚೆಳ್ಳನ್ನು ಅಮೆರಿಕಾ ದೇಶವು ಭಾರತ, ಇಥಿಯೋಪಿಯಾ ಮುಂತಾದೆಡೆಗಳಿಂದ ತರಿಸಿಕೊಳ್ಳುವುದು ಬಹುಪಾಲು ಹಕ್ಕಿಗಳಿಗಾಗಿಯೇ ಎಂಬುದನ್ನು ಜಮೀನುದಾರರು ಗಮನಿಸಬೇಕು. ಈ ಕಾಳಿನೊಂದಿಗೆ ಹಳದಿ ದಾರದಂತೆ ಹಬ್ಬುವ ಪರಾವಲಂಬಿ ಬಳ್ಳಿಯ ಬೀಜಗಳು ಸೇರಿಹೋಗುವುದರಿಂದ, ಅವು ಮೊಳೆಯದಂತೆ ಕಾಳನ್ನು ಬಿಸಿಗೊಳಪಡಿಸಿದ ಹೊರತು ಆ ದೇಶದವರು ಒಳಗೆ ಬಿಟ್ಟುಕೊಳ್ಳರು. ಆ ಬಳ್ಳಿಯನ್ನು ಹೂಬಿಡುವುದಕ್ಕೆ ಮೊದಲೇ ಹೊಲದಿಂದ ಕಿತ್ತು ಸುಡುವುದೂ, ಬೀಜವನ್ನು ಜರಡಿಯಾಡಿ ಬಿತ್ತುವುದೂ ನಮ್ಮ ಬೆಳೆಗೂ ಒಳ್ಳೆಯದು, ಮಾಲಿನ ದರ್ಜೆಗೂ ಒಳ್ಳೆಯದು.

ನೀರು ಹೆಪ್ಪುಗಟ್ಟಿದರೆ ಒಣಕಾಳನ್ನು ತಿನ್ನುವ ಹಕ್ಕಿಗೆ ಬಹಳ ಕಷ್ಟ. ಬೆಳಿಗ್ಗೆಯೂ ಮಧ್ಯಾಹ್ನವೂ ಉಗುರುಬೆಚ್ಚಗಿನ ನೀರನ್ನು ಇಡಬೇಕು. ಹೆಪ್ಪುಗಟ್ಟದಿರಲೆಂದು ಉಪ್ಪನ್ನಾಗಲಿ ಬೇರಾವ ದ್ರವವನ್ನಾಗಲಿ ಬೆರೆಸಕೂಡದು.

ಹೊರಗಿನ ವಾಸಕ್ಕೆ ಹಕ್ಕಿಗಳನ್ನು ರೂಢಿಸುವ ಕಾಲವು ಮೇ ಅಥವಾ ಜೂನ್. ಆಗ ಹೊರಗೆ ಬಿಟ್ಟ ಹಕ್ಕಿಯು ಶರತ್ಕಾಲದ ಗರಿಬದಲಾವಣೆಯಲ್ಲಿ ಚಳಿಗೆ ತಕ್ಕ ಗರಿಯನ್ನು ಬೆಳೆಸಿಕೊಳ್ಳುತ್ತದೆ. ಅಂಗಡಿಯ ಬೆಚ್ಚನೆಯ ಕೊಠಡಿಯಿಂದ ನವೆಂಬರಿನಲ್ಲಿ ಕೊಂಡುತಂದು ನೇರವಾಗಿ ಹೊರಗೆ ಬಿಟ್ಟ ಹಕ್ಕಿಯು ಎಷ್ಟೇ ಗಟ್ಟಿ ಜಾತಿಯದಾದರೂ ಉಳಿಯುವುದು ಅನುಮಾನ. ಹಗಲಿನಲ್ಲಿ ಗರಿ ಕೆದರಿಕೊಂಡು ಎರಡು ಕಾಲುಗಳ ಮೇಲೂ ಊರಿ ತೂಕಡಿಸುವ ಹಕ್ಕಿಯನ್ನು ಕಂಡಕೂಡಲೆ ಹಿಡಿದು, ಸುಮಾರು 30 ಡಿಗ್ರಿ ಶಾಖದ ಸಣ್ಣ ಪಂಜರದಲ್ಲಿಟ್ಟು ಪಶುವೈದ್ಯರಿಗೆ ತೋರಿಸಬೇಕು. ಹಕ್ಕಿಯು ತನ್ನ ಕಾಯಿಲೆಯನ್ನು ಕೊನೆಯವರೆಗೂ ಮರೆಮಾಚುವ ಪ್ರಾಣಿಯಾದುದರಿಂದ ನಾಳೆ ನೋಡೋಣವೆಂದರೆ ನಾಳೆ ಅದು ಇರಲಾರದು. ಹೀಗೆ ಒಳಗೆ ತಂದು ಗುಣಪಡಿಸಿದ ಹಕ್ಕಿಯನ್ನು ವಸಂತಕಾಲದವರೆಗೆ ಮರಳಿ ಹೊರಗೆ ಬಿಡತಕ್ಕದ್ದಲ್ಲ.

ಬಜರಿಗರ್‌ಗಳ ಗೂಡುಪೆಟ್ಟಿಗೆಗಳನ್ನು ಅಕ್ಟೋಬರಿನಲ್ಲಿ ತೆಗೆದುಬಿಡುವರು. ಪೆಟ್ಟಿಗೆಯಿದ್ದರೆ ಹೆಣ್ಣುಗಳು ಚಳಿಯಲ್ಲಿಯೇ ಮೊಟ್ಟೆಯಿಡತೊಡಗುವುವು. ಶೈತ್ಯದಿಂದಲೂ ಸುಣ್ಣದ ಅಂಶದ ಕೊರತೆಯಿಂದಲೂ ಮೊಟ್ಟೆಯು ಹೊರಬರದೆ ಒಳಗೇ ಸಿಕ್ಕಿಕೊಂಡು ಒಂದೆರಡು ದಿನಗಳಲ್ಲಿ ಹಕ್ಕಿಯೇ ಸಾಯುವುದು. ಕಡಲನೊರೆಯ ತುಂಡನ್ನೂ ಕಪ್ಪೆಚಿಪ್ಪಿನ ಪುಡಿಯನ್ನೂ ವರ್ಷವೆಲ್ಲ ಇಡುವುದು ಈ ಕಾರಣಕ್ಕಾಗಿ. ಕೊರಳಪಟ್ಟಿಯ ಗಿಳಿಗಳಿಗೆ ಮಾತ್ರ ಪೆಟ್ಟಿಗೆಯನ್ನು ತೆಗೆಯದೆ ಬಿಡುವರು. ಬೆರಳುಗಳ ರಕ್ಷಣೆಗೆ ಅದು ಬೇಕೇಬೇಕು, ಮತ್ತು ಅವು ಫೆಬ್ರವರಿಯಲ್ಲಿಯೇ, ಹಿಮವು ಇನ್ನೂ ನೆಲದ ಮೇಲಿರುವಾಗಲೇ, ಮೊಟ್ಟೆಗೆ ಸಿದ್ಧವಾಗುವುದುಂಟು. ಬಜರಿಗರ್‌ಗಳ ಪೆಟ್ಟಿಗೆಗಳನ್ನು ತೊಳೆದು ಒಣಗಿಸಿಟ್ಟುಕೊಂಡು, ಹಗಲು ಬೆಳೆದು ರಾತ್ರಿಯ ಹಿಮವು ನಿಂತ ಮೇಲೆ, ಸಾಮಾನ್ಯವಾಗಿ ಏಪ್ರಿಲ್ ತಿಂಗಳಿನಲ್ಲಿ, ತಿರುಗಿ ಕಟ್ಟುವರು.